ರಾಷ್ಟ್ರೀಯ ತಂಡದ ಅಳತೆ

ಎಡವಟ್ಟಾದದ್ದು ಹೆಗಲಿನ ಮೇಲೆ, ನಾಲ್ಕೇ ನಾಲ್ಕು ಇಂಚಿನಲ್ಲಿ.

ಅರ್ಧಿಂಚು ಮಾಸ್ಟ್ರು ಎಂದರೆ ನಮ್ಮ ಬೀದಿಗೆಲ್ಲ ಗೊತ್ತು. ಮೂವತ್ತು ವರ್ಷದ ದರ್ಜಿ ಕೆಲಸದಲ್ಲಿ ತಮ್ಮ ಅಳತೆ ಅರ್ಧ ಇಂಚು ಕೂಡ ಹೆಚ್ಚುಕಮ್ಮಿಯಾಗಿಲ್ಲ ಎಂದು ತಾವೇ ಹೇಳಿಕೊಂಡು ಹೇಳಿಕೊಂಡು ಆ ಹೆಸರು ಸಂಪಾದಿಸಿದ್ದರು. ಅವರು ಹೊಲಿದ ಅಂಗಿ ತೊಟ್ಟವರು ಊಟಕ್ಕೆ ಕೂರುವ ಮುಂಚೆ ಒಂದು ಗುಂಡಿ ಬಿಚ್ಚಿಕೊಳ್ಳಬೇಕು, ಅಷ್ಟು ಕರಾರುವಾಕ್ಕು. ಇದನ್ನು ಬರೆಯುತ್ತಿರುವ ನಾನೂ ಅವರ ಗಿರಾಕಿಯೇ. ಉದ್ದದ ವಾಕ್ಯ ಬರೆಯಲು ಉಸಿರು ಸಾಲುವುದಿಲ್ಲ.

ಇಂಥ ಮಾಸ್ಟ್ರಿಗೆ ರಾಷ್ಟ್ರೀಯ ತಂಡದ ಜೆರ್ಸಿ ಹೊಲಿಯುವ ಯೋಗ ಬಂತು. ಯಾವ ತಂಡ? ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಆದರೂ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಅಡ್ಡ ಬಂದವನಿಗೆ ಡಿಕ್ಕಿ ಹೊಡೆದು ಕೆಡವುವುದು ಈ ಆಟದ ಸಾರಾಂಶ. ಚೆಂಡು ಕೂಡ ಯಾರೋ ಮೇಲೆ ಕೂತು ಅಮುಕಿದ ಹಾಗೆ ಉದ್ದುದ್ದ. ನಮ್ಮ ದೇಶಕ್ಕೆ ಇಂಥದ್ದೊಂದು ತಂಡವಿರುವುದು ಆಡುವ ಮೂವತ್ತಮೂರು ಜನಕ್ಕೆ ಮತ್ತು ಅವರ ತಾಯಂದಿರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರಲ್ಲಿ ಒಬ್ಬ ಬ್ಯಾಂಕಿನ ಕಾವಲುಗಾರ, ಇಬ್ಬರು ಬಸ್ ಕಂಡಕ್ಟರು, ಒಬ್ಬ ಹಲ್ಲಿನ ಡಾಕ್ಟರು. ಪಕ್ಕದ ದೇಶದ ತಂಡದ ಜತೆ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ, ಎಡವಟ್ಟಾದ ದಿನವೇ ಸಂಜೆ ನಾಲ್ಕಕ್ಕೆ.

ತಂಡದ ಮ್ಯಾನೇಜರು ಮಾಸ್ಟ್ರ ಹೆಂಡತಿಯ ತಮ್ಮ. ಕಾರ್ಖಾನೆಯ ಜೆರ್ಸಿ ಬೇಡವೇ ಬೇಡ, ನಮ್ಮ ಭಾವ ಹೊಲಿಯುತ್ತಾರೆ, ಏನಾದರೂ ಹೆಚ್ಚುಕಮ್ಮಿಯಾದರೆ ನನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಸಂಘದ ಅಧ್ಯಕ್ಷರ ಎದುರು ಎದೆ ತಟ್ಟಿಕೊಂಡು ಬಂದಿದ್ದ. ಆರು ವರ್ಷ ಅಲೆದಲೆದು ಸಿಕ್ಕ ಕೆಲಸ ಅವನದು. ಹಾಗಾಗಿ ಜೆರ್ಸಿ ಕೆಟ್ಟರೆ ಅವನ ಕೆಲಸ ಹೋಗುತ್ತದೆ, ಅವನ ಕೆಲಸ ಹೋದರೆ ಮಾಸ್ಟ್ರಿಗೆ ಮನೆಯಲ್ಲಿ ಊಟ ಹೋಗುತ್ತದೆ.

ಪಂದ್ಯದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಬಾಮೈದ ಅಂಗಡಿಗೆ ಬಂದ. ಹಿಂದೆ ಬ್ಯಾಂಕಿನ ಕಾವಲುಗಾರ. ಮೈಮೇಲೆ ಹೆಗಲಿನಿಂದ ಎದೆಯವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಬಾಗಿಲಲ್ಲಿ ನೇರವಾಗಿ ಹಿಡಿಸದೆ ಬೀರು ಸಾಗಿಸುವಂತೆ ಓರೆಯಾಗಿ ಒಳಗೆ ತರಬೇಕಾಯಿತು.

"ಇದೇನಯ್ಯಾ ಇದು?" ಎಂದರು ಮಾಸ್ಟ್ರು.

"ಹೆಗಲ ಕವಚ ಭಾವ. ಇದರ ಮೇಲೇ ಜೆರ್ಸಿ ಹಾಕ್ಕೊಳ್ಳೋದು. ಒಂದ್ಸಲ ಹಾಕಿ ನೋಡಿಬಿಡೋಣ ಅಂತ ಬಂದೆ."

ಮಾಸ್ಟ್ರ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು. ಅಳತೆ ತೆಗೆಯುವ ದಿನ ಮೈದಾನದಲ್ಲಿ ಮೂವತ್ತಮೂರು ಜನವೂ ಇದೇ ಕವಚ ತೊಟ್ಟು ಸಾಲಾಗಿ ನಿಂತಿದ್ದರು. "ಆ ಪಾತ್ರೆ ಪಗಡ ಎಲ್ಲ ಕಳಚಿಟ್ಟು ಬನ್ರಪ್ಪಾ, ಅಳತೆ ಅಂದ್ರೆ ಮೈದು" ಎಂದವರು ಇವರೇ. ಬಾಮೈದ ಏನೋ ಹೇಳಲು ಬಾಯಿ ತೆರೆದಾಗ, "ಟೇಪು ಹಿಡಿದವನಿಗೆ ಬುದ್ಧಿ ಹೇಳಬೇಡ" ಎಂದು ಗದರಿದವರೂ ಇವರೇ.

ಕಾವಲುಗಾರ ಕೈ ಮೇಲೆತ್ತಿದ. ಜೆರ್ಸಿ ಕೈಯಲ್ಲಿ ಇಳಿಯಿತು, ತಲೆಯಲ್ಲಿ ಇಳಿಯಿತು, ಕವಚದ ಅಂಚಿಗೆ ಬಂದು ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಖ ಬಟ್ಟೆಯೊಳಗೆ, ಎರಡೂ ಕೈ ಆಕಾಶಕ್ಕೆ. ಉಸಿರು ಕಟ್ಟುತ್ತದೆಂದು ಅವನು ತಡವರಿಸಿಕೊಂಡು ಬೀದಿಗೇ ಹೋಗಿ ನಿಂತ. ಖಾಕಿ ಪ್ಯಾಂಟಿನಿಂದಲೇ ಗುರುತು ಹಿಡಿದು, ಬ್ಯಾಂಕಿನ ಕಾವಲುಗಾರ ಕೈ ಮೇಲೆತ್ತಿ ನಿಂತದ್ದನ್ನು ಕಂಡ ಇಬ್ಬರು ಗಿರಾಕಿಗಳು, ಬ್ಯಾಂಕಿಗೆ ಕಳ್ಳರು ನುಗ್ಗಿದರೆಂದು ಓಟ ಕಿತ್ತರು.

ಪಕ್ಕದಂಗಡಿಯ ಕ್ಷೌರಿಕ ಎಣ್ಣೆ ಶೀಸೆ ಹಿಡಿದುಕೊಂಡೇ ಬಂದ. "ಒಂಚೂರು ಎಣ್ಣೆ ಬಿಟ್ರೆ ಜಾರಿಕೊಂಡು ಇಳಿಯುತ್ತೆ ಮಾಸ್ಟ್ರೇ."

ಇಳಿಯಲಿಲ್ಲ. ಜೆರ್ಸಿಗೆ ಎಣ್ಣೆಯ ಕಲೆಯಷ್ಟೇ ಲಾಭ. ಕೊನೆಗೆ ಮಾಸ್ಟ್ರು ಕಣ್ಣು ಮುಚ್ಚಿಕೊಂಡು ತಾವೇ ಹಾಕಿದ ಹೊಲಿಗೆಗೆ ತಾವೇ ಕತ್ತರಿ ಇಟ್ಟರು.

ಬಾಮೈದ ಸ್ಟೂಲಿನ ಮೇಲೆ ಕುಸಿದು ಕೂತಿದ್ದ. "ನನ್ನ ಕೆಲಸ ಹೋಯ್ತು ಭಾವ."

"ಹೋಗಲ್ಲ ಕಣೋ. ತಪ್ಪು ನಂದು. ನನ್ನ ತಲೆ ಅಳತೆ ತಗೊಂಡು ಟೋಪಿ ಹೊಲಿಯೋಕೆ ಕೂತ್ರೆ ಒಂದು ಕರವಸ್ತ್ರದಲ್ಲಿ ಅರ್ಧ ಉಳಿಯುತ್ತೆ, ಅಷ್ಟು ಮಿದುಳು! ಎಲ್ಲಾದರ ಪಕ್ಕದ ಹೊಲಿಗೆ ಬಿಚ್ಚಿ ಬಟ್ಟೆ ಕೂಡಿಸೋಣ. ನಾಲ್ಕಕ್ಕೆ ತಾನೇ? ನಾಲ್ಕಕ್ಕೆ ಮೈದಾನದಲ್ಲಿರ್ತೀನಿ."

ಜೆರ್ಸಿಯ ನೀಲಿ ಬಟ್ಟೆ ಮುಗಿದಿತ್ತು. ಯಾವುದೋ ಶಾಲೆಯ ಪರದೆಗೆಂದು ತಂದಿಟ್ಟಿದ್ದ ಹಳದಿ ಬಟ್ಟೆಯ ಥಾನು ಮಾತ್ರ ಇತ್ತು. ಆಗಲಿ, ಹಳದಿಯೇ ಆಗಲಿ.

ಹೆಂಡತಿ ಬ್ಲೇಡು ಹಿಡಿದು ಹೊಲಿಗೆ ಬಿಚ್ಚಲು ಕೂತರು. ಕೈಗಿಂತ ಬಾಯಿ ಜೋರಾಗಿತ್ತು. "ಅವನ ಕೆಲಸಕ್ಕೆ ಏನಾದ್ರೂ ಆಗಲಿ, ಆಮೇಲೆ ನೋಡಿ ನೀವು."

"ಆಮೇಲೆ ಯಾಕೆ, ಈಗಲೇ ನೋಡ್ತಾ ಇದೀನಲ್ಲ" ಎಂದರು ಮಾಸ್ಟ್ರು, ಸೂಜಿಯ ಕಣ್ಣಿನಿಂದ ಕಣ್ಣೆತ್ತದೆ.

ವಿಷಯ ಬೀದಿಗೆಲ್ಲ ಹಬ್ಬಿ, ದೇಶದ ಮಾನ ಉಳಿಸಲು ಜನ ಬಂದರು. ಎದುರಂಗಡಿಯ ಗಡಿಯಾರ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಣ್ಣ ಚಿಮಟದಲ್ಲಿ ಒಂದೊಂದೇ ಹೊಲಿಗೆಯನ್ನು ನೋವಾಗದಂತೆ ಕೀಳತೊಡಗಿದರು. ಇಪ್ಪತ್ತು ನಿಮಿಷವಾದರೂ ಒಂದು ತೋಳೂ ಬಿಚ್ಚಿರಲಿಲ್ಲ. "ಆತುರ ಪಟ್ರೆ ಕೆಲಸ ಕೆಡುತ್ತೆ" ಎಂದು ಉಳಿದವರಿಗೆ ಬುದ್ಧಿಯನ್ನೂ ಹೇಳಿದರು. ಕ್ಷೌರಿಕನದು ಅದಕ್ಕೆ ತದ್ವಿರುದ್ಧ. ಮೂರು ನಿಮಿಷಕ್ಕೊಂದು ಜೆರ್ಸಿ ಬಿಚ್ಚಿ ಎಸೆಯುತ್ತಿದ್ದ. ಹನ್ನೊಂದು ಜೆರ್ಸಿ ಮುಗಿದ ಮೇಲೆ ನೋಡಿದರೆ ಅಷ್ಟರ ತೋಳುಗಳೂ ಮೊಣಕೈಗಿಂತ ಮೇಲಿವೆ.

"ತೋಳು ಯಾಕಯ್ಯಾ ಕತ್ತರಿಸಿದೆ?"

"ಕಿವಿ ಹತ್ರ ಒಂಚೂರು ಉದ್ದ ಕಾಣಿಸ್ತು... ಅಲ್ಲ, ಕೈ ಹತ್ರ. ಅಭ್ಯಾಸ ಮಾಸ್ಟ್ರೇ."

ಹನ್ನೆರಡಕ್ಕೆ ಯಂತ್ರದ ಬೆಲ್ಟು ತುಂಡಾಯಿತು. ಗಡಿಯಾರದವರು ತಮ್ಮ ಸೊಂಟದ ಬೆಲ್ಟು ಬಿಚ್ಚಿ ಕೊಟ್ಟರು. ಅದು ಹಿಡಿಸಲಿಲ್ಲ. ಆಮೇಲೆ ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಚಿಮಟ ಹಿಡಿದು ಓಡಾಡಿದರು, ಬೆಲ್ಟು ಎಲ್ಲಿಟ್ಟರೋ ಸಿಗಲಿಲ್ಲ. ಮಾಸ್ಟ್ರು ಹಳದಿ ಬಟ್ಟೆಯ ಅಂಚನ್ನೇ ಹೊಸೆದು ಬೆಲ್ಟು ಮಾಡಿ ಯಂತ್ರ ಓಡಿಸಿದರು. ಊಟ ಮಾಡಲಿಲ್ಲ, ನೀರು ಕುಡಿಯಲಿಲ್ಲ. ಬೆರಳಿಗೆ ಎರಡು ಸಲ ಸೂಜಿ ಹೊಕ್ಕಿತು. ಮೂರು ಮುಕ್ಕಾಲಿಗೆ ಮೂವತ್ತಮೂರನೆಯ ಜೆರ್ಸಿ ಮುಗಿಯಿತು. ಪ್ರತಿಯೊಂದರ ಎದೆಯ ಮೇಲೆ ದೇಶದ ಹೆಸರು, ಎರಡೂ ಪಕ್ಕಕ್ಕೆ ಅಗಲವಾದ ಹಳದಿ ಪಟ್ಟಿ. ಚೆನ್ನಾಗಿಯೇ ಕಾಣುತ್ತಿತ್ತು. ಮಾಸ್ಟ್ರಿಗೆ ಅಳು ಬರುವಷ್ಟು ಸಂತೋಷವಾಯಿತು. ಇಡೀ ತಂಡವನ್ನು ಬಟ್ಟೆಗಂಟು ಕಟ್ಟಿ ಆಟೋದಲ್ಲಿ ತುಂಬಿಕೊಂಡು ಎಲ್ಲರೂ ಮೈದಾನಕ್ಕೆ ಧಾವಿಸಿದರು.

ಮುಂಚೆಯೇ ಹೋಗಿದ್ದ ಬಾಮೈದ ಗೇಟಿನಲ್ಲೇ ನಿಂತಿದ್ದ.

"ತಂದೆ ಕಣೋ! ಒಂದು ನಿಮಿಷ ಕೂಡ ತಡ ಆಗಿಲ್ಲ."

"ಭಾವ, ಈಗಷ್ಟೇ ಗೊತ್ತಾಯ್ತು, ಪಕ್ಕದ ದೇಶದವರ ಪೆಟ್ಟಿಗೆಗಳು ಬೇರೆ ವಿಮಾನ ಹತ್ತಿಬಿಟ್ಟಿವೆಯಂತೆ. ಕವಚ, ಜೆರ್ಸಿ ಎಲ್ಲಾ ಅದರಲ್ಲೇ. ಒಬ್ಬರಿಗೆ ಕವಚ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ರೆ ಡಿಕ್ಕಿ ಆಟ ಆಡಿಸೋಕಾಗಲ್ಲ. ಅದಕ್ಕೆ ಎರಡೂ ಕಡೆಯವರು ಒಪ್ಪಿ ಪಟ್ಟಿ ಕೀಳೋ ಆಟ ಇಟ್ಕೊಂಡಿದೀವಿ. ಸೊಂಟಕ್ಕೆ ಪಟ್ಟಿ ಕಟ್ಕೊಂಡು ಓಡೋದು, ಎದುರಿನವನು ಅದನ್ನು ಕಿತ್ರೆ ಔಟು. ಕವಚ ಬೇಡ."

"ಬೇಡ ಅಂದ್ರೆ?"

"ನಮ್ಮವರೂ ಕಳಚಿಬಿಟ್ಟಿದಾರೆ."

ಹಲ್ಲಿನ ಡಾಕ್ಟರು ಜೆರ್ಸಿ ತೊಟ್ಟುಕೊಂಡು ಬಂದರು. ಅಂಗಿ ಬಂತು, ಡಾಕ್ಟರು ಎಲ್ಲೋ ಒಳಗಿದ್ದರು. ರೆಫರಿ ಬಂದು ನೋಡಿ, ಸೊಂಟದ ಪಟ್ಟಿ ಅಂಗಿಯೊಳಗೆ ಮುಚ್ಚಿಹೋಗಿದೆ, ಇದನ್ನು ತೊಟ್ಟು ಆಡುವಂತಿಲ್ಲ ಎಂದ. ಮಾಸ್ಟ್ರು ಬಟ್ಟೆಗಂಟಿನ ಮೇಲೆ ಕುಳಿತುಬಿಟ್ಟರು. ಬೆಳಿಗ್ಗೆ ಇದ್ದ ಹಾಗೇ ಬಿಟ್ಟಿದ್ದರೆ ಮೂವತ್ತಮೂರೂ ಮೈಗೆ ಅಂಟಿಸಿದಂತೆ ಕೂರುತ್ತಿದ್ದವು.

ಅಷ್ಟರಲ್ಲಿ ಪಕ್ಕದ ದೇಶದ ಮ್ಯಾನೇಜರು ತಮ್ಮ ಆಟಗಾರರೊಂದಿಗೆ ಬಂದರು. ಒಬ್ಬೊಬ್ಬನೂ ಕವಚವಿಲ್ಲದೆಯೇ ಕವಚ ತೊಟ್ಟ ನಮ್ಮ ಕಾವಲುಗಾರನಷ್ಟಿದ್ದ. ತೊಡಲು ಅಂಗಿಯಿಲ್ಲ, ಏನಾದರೂ ಸಹಾಯ ಮಾಡಬಹುದೇ ಎಂದು ಕೈಮುಗಿದು ಕೇಳಿದರು. ಬಾಮೈದ ಮಾಸ್ಟ್ರ ಮುಖ ನೋಡಿದ. ಮಾಸ್ಟ್ರು ಬಟ್ಟೆಗಂಟಿನ ಮೇಲಿಂದ ಎದ್ದರು.

ನಾಲ್ಕೂಕಾಲಿಗೆ ಎರಡೂ ತಂಡ ಮೈದಾನಕ್ಕಿಳಿದವು. ನಮ್ಮವರು ಬಿಳಿ ಬನಿಯನ್ನಿನಲ್ಲಿ. ಪಕ್ಕದ ದೇಶದವರು ನಮ್ಮ ದೇಶದ ಹೆಸರನ್ನು ಎದೆಯ ಮೇಲೆ ಹೊತ್ತು ನೀಲಿ ಜೆರ್ಸಿಯಲ್ಲಿ. ಹೆಗಲು, ಎದೆ, ಸೊಂಟ, ಎಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಮೊಣಕೈ ಮೇಲಿನ ತೋಳು ಕೂಡ ಅವರಿಗೆ ಒಪ್ಪಿತು. ಇಷ್ಟು ಚಂದದ ಹೊಲಿಗೆಯನ್ನು ಮಾಸ್ಟ್ರು ಜನ್ಮದಲ್ಲಿ ಹೊಲಿದಿರಲಿಲ್ಲ. ದೇಶದ್ರೋಹ ಅನ್ನಿಸಿದರೂ ಅವರ ಎದೆ ಉಬ್ಬಿತು. ಕ್ಷೌರಿಕ ನೀಲಿಯವರು ಪ್ರತಿ ಸಲ ಅಂಕ ಗಳಿಸಿದಾಗಲೂ ಎದ್ದು ಕುಣಿದ. ನಾಲ್ಕನೆಯ ಸಲಕ್ಕೆ ಯಾರೋ ಅಂಗಿ ಹಿಡಿದೆಳೆದು ವಿಷಯ ತಿಳಿಸಿದರು.

ನೀಲಿಯವರು ನಲವತ್ತೆರಡು, ಬನಿಯನ್ನಿನವರು ಆರು.

ಆಟ ಮುಗಿದ ಮೇಲೆ ಪಕ್ಕದ ದೇಶದ ಮ್ಯಾನೇಜರು ಬಂದು ಮಾಸ್ಟ್ರ ಎರಡೂ ಕೈ ಹಿಡಿದುಕೊಂಡರು. ಇಂಥ ಅಂಗಿ ನಮ್ಮ ಹುಡುಗರು ಎಂದೂ ತೊಟ್ಟಿರಲಿಲ್ಲ, ನೆನಪಿಗೆ ಇಟ್ಟುಕೊಳ್ಳುತ್ತೇವೆ ಎಂದರು. ನಮ್ಮ ಸಂಘದ ಅಧ್ಯಕ್ಷರು ಅಲ್ಲೇ ನಿಂತಿದ್ದವರು, ಧಾರಾಳವಾಗಿ ಎಲ್ಲವನ್ನೂ ಉಡುಗೊರೆ ಕೊಟ್ಟುಬಿಟ್ಟರು. ಬಾಮೈದನ ಬೆನ್ನು ತಟ್ಟಿ, ಕಿವಿಯಲ್ಲಿ ಏನೋ ಹೇಳಿ ಹೋದರು.

"ಕೆಲಸ ಉಳೀತೇನೋ?" ಎಂದು ಓಡಿಬಂದು ಕೇಳಿದರು ಅವನ ಅಕ್ಕ.

"ನಾಳೆವರೆಗೆ ಉಳಿದಿದೆ. ನಾಳೆ ಮೂರಕ್ಕೆ ಎರಡನೇ ಪಂದ್ಯ. ಅಷ್ಟರಲ್ಲಿ ನಮ್ಮವರಿಗೆ ಮೂವತ್ತಮೂರು ಹೊಸ ಜೆರ್ಸಿ ಬೇಕಂತೆ ಭಾವ."

ಮಾಸ್ಟ್ರು ನಿಧಾನವಾಗಿ ಕೇಳಿದರು. "ಕವಚದ ಮೇಲೋ, ಬರೀ ಮೈಗೋ?"

"ಅವರ ಪೆಟ್ಟಿಗೆ ಬಂದ್ರೆ ಕವಚ, ಬರದಿದ್ರೆ ಬರೀ ಮೈ. ನಾಳೆ ಮಧ್ಯಾಹ್ನ ಎರಡೂವರೆಗೆ ಗೊತ್ತಾಗುತ್ತೆ."

ಮಾಸ್ಟ್ರು ಹೆಂಡತಿಯ ಕಡೆ ತಿರುಗಿದರು. ಅವರು ಆಗಲೇ ಸೆರಗು ಸಿಕ್ಕಿಸಿಕೊಂಡು ಆಟೋ ಕೂಗುತ್ತಿದ್ದರು.

"ನಿಂತ್ಕೊಂಡು ಏನು ನೋಡ್ತಿದೀರಿ? ನಡೀರಿ, ಎರಡೂ ಹೊಲೀರಿ. ಅರವತ್ತಾರು!"