ಅನ್ನ ಬೇಯುವಷ್ಟು ದೂರ

ಆಗಿಹೋದ ಅವಮಾನವನ್ನು ಮರೆತುಬಿಡುವುದು ದೊಡ್ಡ ಗುಣವೆಂದು ಎಲ್ಲರೂ ಹೇಳುತ್ತಾರೆ. ನಾನೂ ಗಮನಿಸಿದ್ದೇನೆ, ಈ ಗುಣ ಅವಮಾನ ಮಾಡಿದವರಲ್ಲಿ ಧಾರಾಳವಾಗಿಯೂ ಅನುಭವಿಸಿದವರಲ್ಲಿ ಅತ್ಯಲ್ಪವಾಗಿಯೂ ಇರುತ್ತದೆ. ನನ್ನಲ್ಲಂತೂ ಇಲ್ಲವೇ ಇಲ್ಲ. ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಬೀಳ್ಕೊಡುಗೆಯ ದಿನ ನನಗೆ ಹೊದಿಸಿದ ಶಾಲು, ಅದೇ ವೇದಿಕೆಯಲ್ಲಿ ಡ್ರಿಲ್ ಮೇಷ್ಟರಿಗೆ ಹೊದಿಸಿದ ಶಾಲಿಗಿಂತ ಒಂದು ಗೇಣು ಗಿಡ್ಡವಾಗಿತ್ತು. ಈ ಸಂಗತಿಯನ್ನು ನಾನು ಯಾರೊಂದಿಗೂ ಆಡಿಲ್ಲ. ಆದರೆ ಆ ಶಾಲನ್ನು ಆರಿಸಿ ತಂದವರು ಇಂದಿಗೂ ಎದುರು ಸಿಕ್ಕರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಆ ಗೇಣು.

ಇಷ್ಟು ಪೀಠಿಕೆ ಏಕೆಂದರೆ, ಅರವತ್ತು ದಾಟಿದ ಮೇಲೆ ನಾನು ನನ್ನ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಬಂದೆನೆಂದು ಹೇಳಿದಾಗ ಕೇಳಿದವರು ಮೊದಲು ನನ್ನ ಆರೋಗ್ಯ ವಿಚಾರಿಸುತ್ತಾರೆ. ನಾನು ಆರೋಗ್ಯವಾಗಿಯೇ ಇದ್ದೇನೆ. ಇದಕ್ಕೆಲ್ಲ ಕಾರಣ ನನ್ನ ಮೈದುನ ರುದ್ರಪ್ಪ.

ರುದ್ರಪ್ಪನದು ಹೊಳಲ್ಕೆರೆಯಲ್ಲಿ ಪೇಂಟು, ಪೈಪು ಮಾರುವ ಅಂಗಡಿ. ಮನುಷ್ಯ ಕೆಟ್ಟವನಲ್ಲ, ಬಾಯಿ ಮಾತ್ರ ಅವನಿಗಿಂತ ಮೊದಲೇ ಹುಟ್ಟಿದ್ದು. ಹಿರಿಯೂರಿನಲ್ಲಿ ನಮ್ಮವರದೊಂದು ಮದುವೆ. ಮನೆಯವರನ್ನೂ ಇಬ್ಬರು ನಾದಿನಿಯರನ್ನೂ ಕೂರಿಸಿಕೊಂಡು, ಹೆದ್ದಾರಿಯ ಎಡಗಡೆಯ ಸಾಲನ್ನು ಒಮ್ಮೆಯೂ ಬಿಡದೆ, ನಾನು ಕಾರು ಓಡಿಸಿಕೊಂಡು ಬಂದೆ. ನಾವು ಐಮಂಗಲ ದಾಟುವಾಗ ಅಲ್ಲಿ ಟೀ ಕುಡಿಯುತ್ತಿದ್ದ ಯಾರೋ ನೆಂಟರು ನಮ್ಮ ಕಾರನ್ನು ಕಂಡು ಛತ್ರಕ್ಕೆ ಫೋನು ಮಾಡಿದ್ದರಂತೆ. ನಾವು ತಲುಪಿದಾಗ ಮೊದಲನೆಯ ಪಂಕ್ತಿ ಎದ್ದು, ಎರಡನೆಯದು ಕುಳಿತಿತ್ತು. ಎಲೆಯ ಮುಂದೆ ಕುಳಿತಿದ್ದ ರುದ್ರಪ್ಪ ಇಡೀ ಸಾಲಿಗೆ ಕೇಳುವಂತೆ ಹೇಳಿದ: "ಅತ್ತಿಗಮ್ಮಾರ ಕಾರು ಐಮಂಗಲ ದಾಟ್ತು ಅಂತ ಫೋನ್ ಬಂದ ಮ್ಯಾಲೆ ಅಕ್ಕಿ ತೊಳೆದು ಇಟ್ರೂ ಸಾಕು, ಇವ್ರು ಬರೋದ್ರೊಳಗೆ ಅನ್ನ ಬೆಂದಿರ್ತತಿ."

ಪಂಕ್ತಿ ನಕ್ಕಿತು. ಬಡಿಸುವವರೂ ಸೌಟು ಹಿಡಿದು ನಿಂತು ನಕ್ಕರು. ನಾದಿನಿಯರು ನಕ್ಕಿದ್ದು ನನಗೆ ಬೆನ್ನಿನಿಂದಲೇ ತಿಳಿಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನೆನಪಿಟ್ಟುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಅವನು ಪಾಯಸದ ಹೊತ್ತಿಗೆ ಕಾಳಜಿಯ ದನಿ ತೆಗೆದ. ವಯಸ್ಸಾಯಿತು, ಕಣ್ಣು ಮೊದಲಿನಂತಿರುವುದಿಲ್ಲ, ಆ ಕಾರನ್ನು ತನಗೇ ಕೊಟ್ಟುಬಿಟ್ಟರೆ ಅಂಗಡಿಯ ಪೇಂಟು ಡಬ್ಬ ಸಾಗಿಸಲು ಅನುಕೂಲವಾಗುತ್ತದೆ ಎಂದ. ಭವಿಷ್ಯ ನಿಧಿಯ ಹಣದಲ್ಲಿ ಕೊಂಡು, ಪ್ರತಿ ಭಾನುವಾರ ನಾನೇ ತೊಳೆದು ಒರೆಸಿ ಇಟ್ಟುಕೊಂಡ ಕಾರು. ಅದರ ಹಿಂದಿನ ಸೀಟಿನಲ್ಲಿ ಪೇಂಟು ಡಬ್ಬ.

ಕೆಲವು ದಿನಗಳ ನಂತರ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಬೆಂಗಳೂರಿನಾಚೆ, ರಾಜ್ಯದ ಗಡಿ ದಾಟಿದ ಮೇಲೊಂದು ರೇಸ್ ಟ್ರ್ಯಾಕ್ ಇದೆ. ಹಣ ಕಟ್ಟಿದರೆ ಸಾಮಾನ್ಯರೂ ತಮ್ಮ ಕಾರನ್ನು ತಂದು ಒಂದು ದಿನ ಓಡಿಸಬಹುದು. ಮೊದಲ ಸಲ ಬರುವವರಿಗೆ ಪ್ರತ್ಯೇಕ ಗುಂಪು, ಆ ಗುಂಪಿಗೆ ದಿನಕ್ಕೆ ನಾಲ್ಕು ಸರದಿ ಓಟ. ನಾನು ರುದ್ರಪ್ಪನಿಗೆ ಫೋನು ಮಾಡಿ ನನ್ನ ಷರತ್ತು ತಿಳಿಸಿದೆ. ಆ ದಿನದ ನಾಲ್ಕೂ ಸರದಿಗಳನ್ನು ನಾನು ಪೂರ್ತಿ ಓಡಿಸಿ, ಕಾರಿಗೆ ಗೀರೂ ಬೀಳದಂತೆ ತಂದರೆ ಈ ವಂಶದಲ್ಲಿ ಯಾರೂ ಇನ್ನು ನನ್ನ ಕೀ ವಿಚಾರ ಎತ್ತಕೂಡದು. ಒಂದು ಸರದಿ ತಪ್ಪಿದರೂ ಕಾರು ಹೊಳಲ್ಕೆರೆಗೆ. ಅವನು ಒಪ್ಪಿದ. ತಾನೂ ನೋಡಲು ಬರುವುದಾಗಿ ಹೇಳಿದ. ಹಿಂದಿರುಗುವಾಗ ತನಗೆ ಕೀ ಬೇಕಾಗುತ್ತದಲ್ಲ ಎಂದೂ ಸೇರಿಸಿದ. ಅದನ್ನೂ ನೆನಪಿಟ್ಟುಕೊಂಡೆ.

ಬಜೆಟ್ ಮಂಡಿಸುವುದು ನನಗೆ ಹೊಸದಲ್ಲ. ಶಾಲೆಯ ವಾರ್ಷಿಕೋತ್ಸವಗಳನ್ನು ಒಂದು ಬಲೂನು ಹೆಚ್ಚಾಗದಂತೆ ನಡೆಸಿದವಳು ನಾನು. ಪ್ರವೇಶ ಶುಲ್ಕ, ಪೆಟ್ರೋಲು, ಹಿಂದಿನ ರಾತ್ರಿಯ ವಸತಿ, ಹೆಲ್ಮೆಟ್ಟು, ಹೊಸ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲು. ಹಳೆಯ ಆಯಿಲ್ಲು ಕಾದರೆ ಪೆಡಲು ಮೆತ್ತಗಾಗಿ ಬಿಡುತ್ತದೆಂದು ಓದಿದ್ದೆ. ವಿಮೆಯವರು, ಟ್ರ್ಯಾಕಿನಲ್ಲಿ ಆದ ಹಾನಿ ತಮ್ಮ ಲೆಕ್ಕಕ್ಕೆ ಬರುವುದಿಲ್ಲವೆಂದು ಸ್ಪಷ್ಟಪಡಿಸಿದರು. ಹೀಗಾಗಿ ಎರಡೆಳೆಯ ಸರಕ್ಕೆಂದು ಕೂಡಿಟ್ಟಿದ್ದ ಮೊತ್ತವನ್ನು 'ಅನಿರೀಕ್ಷಿತ' ಎಂಬ ಬಾಬ್ತಿಗೆ ವರ್ಗಾಯಿಸಿದೆ. ಇದನ್ನೆಲ್ಲ ಓದಿ ಹೇಳಿದಾಗ ನಮ್ಮ ಮನೆಯವರು ಕನ್ನಡಕ ತೆಗೆದು, ಗೆದ್ದರೆ ಏನು ಕೊಡುತ್ತಾರೆ ಎಂದು ಕೇಳಿದರು. ಏನೂ ಇಲ್ಲ, ಇದು ಸ್ಪರ್ಧೆಯಲ್ಲ ಎಂದೆ.

"ಅಂದ್ರೆ ಇಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಸುತ್ತಿ ಸುತ್ತಿ, ಹೊರಟ ಜಾಗಕ್ಕೇ ಬಂದು ನಿಲ್ಲೋದು?"

"ನೀವು ದಿನಾ ಬೆಳಿಗ್ಗೆ ಕೋಟೆ ಕಡೆ ವಾಕಿಂಗ್ ಹೋಗಿ ಮತ್ತೆಲ್ಲಿಗೆ ಬರ್ತೀರಿ?"

ಅವರು ಕನ್ನಡಕ ಹಾಕಿಕೊಂಡರು. ಬಜೆಟ್ ಅಂಗೀಕಾರವಾಯಿತು.

ಸಿದ್ಧತೆಯ ಕಾಲದಲ್ಲಿ ನಾನು ಅನುಭವಿಸಿದ ಅವಮಾನಗಳಿಗೆ ಬಜೆಟ್ಟಿನಲ್ಲಿ ಬಾಬ್ತು ಇಟ್ಟಿರಲಿಲ್ಲ. ಹೆಲ್ಮೆಟ್ ಅಂಗಡಿಯವನು "ಯಜಮಾನ್ರ ತಲೆ ಸೈಜು ಎಷ್ಟು ಮೇಡಂ?" ಎಂದು ಕೇಳಿದ. ನನ್ನದೇ ತಲೆಗೆ ಎಂದಾಗ, ತುರುಬು ಒಳಗೆ ಹೋಗುವುದಿಲ್ಲ ಎಂದ. ಗ್ಯಾರೇಜಿನವನು, ನನ್ನ ಹಳೆಯ ವಿದ್ಯಾರ್ಥಿ, ಬ್ರೇಕ್ ಪ್ಯಾಡು ಬಿಚ್ಚಿ ನೋಡಿ, ಇವು ಹೊಸದರ ಹಾಗೇ ಇವೆ, ನೀವು ಬ್ರೇಕ್ ಹಾಕುವಷ್ಟು ವೇಗವಾಗಿ ಯಾವತ್ತಾದರೂ ಹೋಗಿದ್ದೀರಾ ಮಿಸ್ ಎಂದು ವಿನಯದಿಂದಲೇ ಕೇಳಿದ. ಅವನಿಗೆ ಬೀಜಗಣಿತದಲ್ಲಿ ನಾನು ಕೊಟ್ಟ ಅಂಕಗಳು ಹೆಚ್ಚಾಗಿದ್ದವೆಂದು ಈಗ ಅನಿಸುತ್ತದೆ.

ಟ್ರ್ಯಾಕಿನ ತಿರುವುಗಳನ್ನು ಬಾಯಿಪಾಠ ಮಾಡಿಕೊಳ್ಳುವ ಉಪಾಯ ಮಾತ್ರ ನನ್ನ ಸ್ವಂತದ್ದು. ಅದರ ನಕ್ಷೆಯನ್ನು ನೋಡಿ ದಿನವೂ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕತೊಡಗಿದೆ. ಎಲ್ಲಿ ಬ್ರೇಕೋ ಅಲ್ಲೊಂದು ಅರಿಶಿನದ ಚುಕ್ಕೆ, ಎಲ್ಲಿ ತಿರುವಿನ ಒಳಮೂಲೆಯನ್ನು ತಾಗಬೇಕೋ ಅಲ್ಲೊಂದು ಕುಂಕುಮದ ಚುಕ್ಕೆ. ರಂಗೋಲಿ ಪುಡಿಯನ್ನು ಬೆರಳ ಸಂದಿನಿಂದ ಬಿಡುತ್ತ ಹೋದಂತೆ ಕೈಗೆ ದಾರಿ ಅಂಟಿಕೊಳ್ಳುತ್ತದೆ. ಆಮೇಲೆ ಕಣ್ಣು ಮುಚ್ಚಿದರೂ ಕೈ ತಪ್ಪುವುದಿಲ್ಲ. ಎದುರುಮನೆಯ ಶಾರದಮ್ಮ ಮೂರು ದಿನ ನೋಡಿ, ನಾಲ್ಕನೆಯ ದಿನ ಇದು ಯಾವ ದೇವರ ಮಂಡಲವೆಂದು ಕೇಳಿದರು. ವಾಹನದ್ದು ಎಂದೆ. ಮರುದಿನ ಅವರ ಮನೆ ಮುಂದೆಯೂ ಅದೇ ಟ್ರ್ಯಾಕು ಮೂಡಿತು. ಕೊನೆಗೆ ನಮ್ಮ ಬೀದಿಯಲ್ಲಿ ಐದಾರು ಮನೆಗಳ ಮುಂದೆ ಅದು ಕಾಣಿಸುತ್ತಿತ್ತು. ಒಬ್ಬರು ನಡುವೆ ಕಮಲ ಬಿಡಿಸಿದ್ದರು.

ಹೊರಡುವ ಮುನ್ನ ಕಾರಿನ ಪೂಜೆಗೆಂದು ಹಾಲುರಾಮೇಶ್ವರಕ್ಕೆ ಹೋಗಿಬಂದೆವು. ಗುಡಿ ಸುತ್ತುವಾಗಲೂ ನನ್ನ ತಲೆಯಲ್ಲಿ ತಿರುವುಗಳೇ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹೊರಬರುವ ಗೋಮುಖವನ್ನು ದಾಟಬಾರದು. ಅಲ್ಲಿಯವರೆಗೆ ಹೋಗಿ, ಹೋದ ದಾರಿಯಲ್ಲೇ ಹಿಂದಿರುಗಬೇಕು. ನಾನು ಏಳನೆಯ ತಿರುವಿನ ಗುಂಗಿನಲ್ಲಿ ಅದನ್ನು ದಾಟಲಿದ್ದೆ. ನಮ್ಮ ಮನೆಯವರು ಸೆರಗು ಹಿಡಿದು ಎಳೆದರು. ಎಲ್ಲರೆದುರು ಎಳೆದರೆಂದು ಊರು ಸೇರುವ ತನಕ ಮಾತಾಡಲಿಲ್ಲ.

ಟ್ರ್ಯಾಕಿನ ದಿನ ನಾನು ಧರಿಸಿದ್ದು ನಮ್ಮ ಮನೆಯವರ ಪ್ಯಾಂಟು, ತುಂಬುತೋಳಿನ ಅಂಗಿ. ತುರುಬನ್ನು ಬಿಚ್ಚಿ ಜಡೆ ಹಾಕಿ ಅಂಗಿಯೊಳಗೆ ಇಳಿಬಿಟ್ಟಿದ್ದೆ. ಸುತ್ತ ನಿಂತಿದ್ದ ಕಾರುಗಳು ನಿಂತಲ್ಲೇ ಗುಡುಗುತ್ತಿದ್ದವು. ಅವುಗಳ ಒಡೆಯರೆಲ್ಲ ನನ್ನ ಶಿಷ್ಯರ ಮಕ್ಕಳ ವಯಸ್ಸಿನವರು. ವಾಹನ ತಪಾಸಣೆಗೆ ಬಂದ ಹುಡುಗಿ ಒಳಗೆ ಅಲುಗಾಡುವ ವಸ್ತು ಯಾವುದೂ ಇರಬಾರದೆಂದು ಹೇಳಿ, ನನ್ನ ಛತ್ರಿ, ಸೊಂಟದ ದಿಂಬು, ಚಟ್ನಿಪುಡಿ ಡಬ್ಬ, ಕನ್ನಡಿಗೆ ತೂಗಿದ ರುದ್ರಾಕ್ಷಿ ಎಲ್ಲವನ್ನೂ ತೆಗೆಸಿದಳು. ಅದಕ್ಕೆ ಬೇಸರವಿಲ್ಲ, ನಿಯಮ ನಿಯಮವೇ. ಆದರೆ ಪ್ರತಿ ವಾಕ್ಯಕ್ಕೂ ನನ್ನನ್ನು 'ಆಂಟಿ' ಎಂದಳು. ಪಕ್ಕದ ಕಾರಿನ ಗಡ್ಡದವನಿಗೆ 'ಸರ್' ಎಂದಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಆಮೇಲೆ ಎಲ್ಲರನ್ನೂ ಕೂರಿಸಿ ನಿಯಮ ಹೇಳುವಾಗ ಸಿಡಿಲು ಬಡಿಯಿತು. ಅವರು ತೋರಿಸಿದ ನಕ್ಷೆಯ ಮೇಲೆ ಬಾಣದ ಗುರುತು ಎದುರು ದಿಕ್ಕಿಗಿತ್ತು. ನಾನು ಅಷ್ಟು ದಿನವೂ ಅಂಗಳದಲ್ಲಿ ದಾರಿ ಎಳೆದದ್ದು ಬಲಕ್ಕೆ, ಪ್ರದಕ್ಷಿಣೆಯಾಗಿ. ಯಾವುದನ್ನೇ ಸುತ್ತುವುದಾದರೂ ಪ್ರದಕ್ಷಿಣೆಯಾಗಿಯೇ ಸುತ್ತಬೇಕೆಂಬುದು ನನಗೆ ಉಸಿರಾಟದಷ್ಟು ಸಹಜ. ಬೇರೆ ದಿಕ್ಕು ಇರಬಹುದೆಂಬ ಅನುಮಾನವೇ ಬಂದಿರಲಿಲ್ಲ. ಆ ದಿನ ಅಲ್ಲಿ ಓಟ ಎಡಕ್ಕೆ. ನಮ್ಮಲ್ಲಿ ಅಪ್ರದಕ್ಷಿಣೆ ಸುತ್ತುವುದು ಯಾವಾಗ ಎಂದು ಓದುಗರಿಗೆ ನಾನು ಹೇಳಬೇಕಿಲ್ಲ. ಕಲಿತ ತಿರುವುಗಳೆಲ್ಲ ತಲೆಕೆಳಗಾದವು. ನೋಡುಗರ ಮೆಟ್ಟಿಲ ಮೇಲೆ ರುದ್ರಪ್ಪ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದ. ಅವನ ಪಕ್ಕದ ಖಾಲಿ ಜಾಗದಲ್ಲಿ ನನಗೆ ಪೇಂಟು ಡಬ್ಬವೇ ಕಂಡಂತಾಯಿತು.

ಹಿಂದಿರುಗಿ ಹೋಗೋಣವೆಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ನನ್ನ ಹೆಲ್ಮೆಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು.

"ಗಿರಿಜಾ, ಮೊನ್ನೆ ಹಾಲುರಾಮೇಶ್ವರದಾಗೆ ಏನು ಮಾಡಿದ್ವಿ? ಅರ್ಧ ಬಲಕ್ಕೆ ಹೋಗಿ, ಉಳಿದಿದ್ದು ಎಡಕ್ಕೆ ಬರ್ಲಿಲ್ವಾ? ನೀನು ಬಲಗಡೆದು ಅಂಗಳದಾಗೆ ಮುಗಿಸಿ ಬಂದೀಯ. ಇದು ವಾಪಸ್ ಬರೋದು, ಅಷ್ಟೇ."

ನಲವತ್ತು ವರ್ಷಗಳ ದಾಂಪತ್ಯದಲ್ಲಿ ಅವರು ಆಡಿದ ಮಾತುಗಳಲ್ಲಿ ನಾನು ಆಕ್ಷೇಪಣೆಯಿಲ್ಲದೆ ಒಪ್ಪಿದ್ದು ಇದೊಂದನ್ನೇ. ಸೆರಗೆಳೆದದ್ದನ್ನು ಅಲ್ಲೇ ಕ್ಷಮಿಸಿದೆ.

ಮೊದಲ ಸರದಿಯಲ್ಲಿ ಎಲ್ಲರೂ ನನ್ನನ್ನು ಹಿಂದಿಕ್ಕಿದರು. ಹಿಂದಿನವರಿಗೆ ದಾರಿ ಬಿಡಿ ಎನ್ನಲು ಅಲ್ಲಿ ನೀಲಿ ಬಾವುಟ ತೋರಿಸುತ್ತಾರೆ. ನನಗೆ ತೋರಿಸಿ ತೋರಿಸಿ ಆ ಬಾವುಟದವರ ತೋಳು ನೋಯುತ್ತಿದ್ದಿರಬೇಕು. ಎರಡನೆಯ ಸರದಿಯಲ್ಲಿ ರಂಗೋಲಿಯನ್ನು ಮನಸ್ಸಿನಲ್ಲೇ ಕೊನೆಯಿಂದ ಮೊದಲಿಗೆ ಎಳೆಯತೊಡಗಿದೆ. ಅರಿಶಿನದ ಚುಕ್ಕೆಯಿದ್ದಲ್ಲಿ ಈಗ ಬ್ರೇಕಿಲ್ಲ, ಅಲ್ಲಿಂದ ಓಟ ಶುರು. ಕುಂಕುಮದ ಚುಕ್ಕೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಮೂರನೆಯ ಸರದಿಯಲ್ಲಿ ನನ್ನ ಪಾಲಿಗೆ ಒಂದೂ ನೀಲಿ ಬಾವುಟ ಏಳಲಿಲ್ಲ. ಗುಡುಗುವ ಕಾರಿನ ಗಡ್ಡದವನು ತಡವಾಗಿ ಬ್ರೇಕು ಹಾಕಿ, ತಿರುವು ತಪ್ಪಿ ಮಣ್ಣಿನಲ್ಲಿ ನಿಂತಿದ್ದ. ನಾನು ಅವನ ಪಕ್ಕದಿಂದ ಎರಡು ಸಲ ಹಾದುಹೋದೆ. ಎರಡನೆಯ ಸಲ ಸ್ವಲ್ಪ ನೋಡಿದೆ.

ಕೊನೆಯ ಸರದಿಯಲ್ಲಿ ಪಕ್ಕದಲ್ಲೊಬ್ಬರನ್ನು ಕೂರಿಸಿಕೊಳ್ಳಲು ಅವಕಾಶವಿತ್ತು. ರುದ್ರಪ್ಪನನ್ನು ಕರೆದೆ. ಅವನು ಬಾಡಿಗೆಯ ಹೆಲ್ಮೆಟ್ಟು ತೊಟ್ಟು, ನಗುತ್ತಲೇ ಕುಳಿತ. ನೇರ ದಾರಿಯಲ್ಲಿ ನಾನು ನಾಲ್ಕನೆಯ ಗೇರಿಗೆ ಹೋದಾಗ ನಗು ನಿಂತಿತು. ಮೊದಲ ತಿರುವಿನಲ್ಲಿ ಅವನ ಎಡಗೈ ಬಾಗಿಲ ಮೇಲಿನ ಹಿಡಿಯನ್ನು ಹುಡುಕಿತು. ಎರಡನೆಯದರಲ್ಲಿ ಇಲ್ಲದ ಬ್ರೇಕನ್ನು ಅವನ ಬಲಗಾಲು ತುಳಿಯಿತು. ಹಾಲುರಾಮೇಶ್ವರನ ಹೆಸರನ್ನು ಅವನು ಅಷ್ಟು ಭಕ್ತಿಯಿಂದ ಹೇಳಿದ್ದನ್ನು ನಾನು ಗುಡಿಯಲ್ಲೂ ಕೇಳಿಲ್ಲ. ಸರದಿ ಮುಗಿದು, ಗೀರಿಲ್ಲದ ಕಾರನ್ನು ಸಾಲಿನಲ್ಲಿ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಬಹಳ ದಿನಗಳಿಂದ ಕಾದಿಟ್ಟಿದ್ದ ಮಾತನ್ನು ಸಾವಕಾಶವಾಗಿ ಕೇಳಿದೆ.

"ಅಕ್ಕಿ ಇಟ್ಟಿದ್ದೆಯಲ್ಲಪ್ಪ ರುದ್ರಪ್ಪ, ಅನ್ನ ಬೆಂತಾ?"

ಅವನು ಹೆಲ್ಮೆಟ್ಟು ತೆಗೆದು, ಬೆವರು ಒರೆಸಿಕೊಂಡ. "ಇನ್ನೂ ನೀರೇ ಕಾದಿಲ್ಲ ಅತ್ತಿಗಮ್ಮ," ಎಂದ.

ಬ್ರೇಕು ಮುಟ್ಟಿ ನೋಡಲು ಬಂದ ತಪಾಸಣೆಯ ಹುಡುಗಿ, "ಚೆನ್ನಾಗಿ ಓಡಿಸಿದ್ರಿ ಮೇಡಂ," ಎಂದಳು. ಮೇಡಂ. ಶಾಲಿನ ಆ ಗೇಣುದ್ದದ ಕೊರತೆ ಅಲ್ಲಿಗೆ ಬಹುಮಟ್ಟಿಗೆ ತುಂಬಿತೆಂದು ಹೇಳಬಹುದು.

ಕೀ ನನ್ನಲ್ಲೇ ಉಳಿಯಿತು. ಎಷ್ಟರಮಟ್ಟಿಗೆ ಎಂದರೆ, ಈಗ ಯಾವ ನೆಂಟರಿಗೆ ಎಲ್ಲಿಗೆ ಹೋಗಬೇಕಾದರೂ ಫೋನು ನನಗೇ. ನಾದಿನಿಯರ ಕಣ್ಣಿನ ತಪಾಸಣೆ, ಹಿರಿಯೂರಿನ ಬೀಗರ ಮನೆಯ ನಾಮಕರಣ, ಎಲ್ಲಕ್ಕೂ ರೇಸಿನ ಅತ್ತಿಗಮ್ಮ. ಕಳೆದ ತಿಂಗಳು ಕೆಲಸದ ಮೇಲೆ ಚಿತ್ರದುರ್ಗಕ್ಕೆ ಬಂದ ರುದ್ರಪ್ಪನೇ ನಮ್ಮ ಮನೆಗೆ ಬಂದಿದ್ದ. ಇಲ್ಲಿಂದಲೇ ಹೋಗಿ ಚಿಕ್ಕಜಾಜೂರಿನಲ್ಲಿ ರೈಲು ಹಿಡಿಯಬೇಕಿತ್ತು. ಬಸ್ಸಿನಲ್ಲೇ ಹೋಗುವಷ್ಟು ಸಮಯವಿತ್ತು, ಆದರೂ ಅವನು, ನೀವಿರೋವಾಗ ಬಸ್ ಯಾಕೆ ಅತ್ತಿಗಮ್ಮ ಎಂದ. ಬ್ಯಾಗನ್ನು ಹಿಂದಿನ ಸೀಟಿನಲ್ಲಿಟ್ಟು, ಪಕ್ಕದಲ್ಲಿ ಕುಳಿತು, ಸೀಟು ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಮೇಲಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡ.

ನಾನು ಎಂದಿನಂತೆ ಎಡಗಡೆಯಲ್ಲೇ ಹೊರಟೆ. ಅಡ್ಡ ಬಂದ ಎಮ್ಮೆಗಳಿಗೆ ನಿಂತೆ, ಹೊಳಲ್ಕೆರೆಯ ಪ್ರತಿ ಉಬ್ಬಿಗೂ ಎರಡನೆಯ ಗೇರು ಹಾಕಿದೆ. ಅವನು ಗಡಿಯಾರ ನೋಡುತ್ತ, ಟ್ರ್ಯಾಕಿನಲ್ಲಿ ಓಡಿಸಿದ ಹಾಗೆ ಓಡಿಸಬಾರದೇ ಎಂದು ಮೆಲ್ಲಗೆ ಕೇಳಿದ. ಅದು ಟ್ರ್ಯಾಕು, ಇದು ರಸ್ತೆ ಎಂದು ತಿಳಿಸಿಹೇಳಿದೆ. ನಾವು ಪ್ಲಾಟ್‌ಫಾರಂ ತಲುಪಿದಾಗ ರೈಲಿನ ಹಿಂಭಾಗ ಕಾಣುತ್ತಿತ್ತು. ಇದಕ್ಕೆ ಯಾರ ಮೇಲೆ ಸಿಟ್ಟಾಗಬೇಕೆಂದು ನಾನು ಅತ್ತಿತ್ತ ನೋಡಿದೆ. ಅಲ್ಲಿ ನಾವಿಬ್ಬರೇ ಇದ್ದೆವು, ಅವನದೇನೂ ತಪ್ಪಿರಲಿಲ್ಲ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತೆವು. ಕೀ ನನ್ನ ಕೈಯಲ್ಲಿತ್ತು. ಕೇಳಿದ್ದರೆ ಆ ಗಳಿಗೆಯಲ್ಲಿ ಕೊಟ್ಟುಬಿಡುತ್ತಿದ್ದೆನೇನೋ. ಅವನು ಕೇಳಲಿಲ್ಲ. ರೈಲು ಪೂರ್ತಿ ಮರೆಯಾದ ಮೇಲೆ, ಹಳಿಗಳ ಕಡೆಗೇ ನೋಡುತ್ತ, ಅತ್ಯಂತ ಗೌರವದಿಂದ ಹೇಳಿದ:

"ಬೆಂತು ಅತ್ತಿಗಮ್ಮ."