ಮಾರಾಟವಾಗದ ಮನೆಗಳ ಸಹವಾಸ

ಮನೆಗಳು ಬೇಗ ಬೇಗ ಮಾರಾಟವಾಗುತ್ತಿದ್ದಾಗ ನನ್ನ ಕೆಲಸದಲ್ಲಿ ನಗೋದಕ್ಕೆ ಏನೂ ಇರಲಿಲ್ಲ. ಬಂದರು, ನೋಡಿದರು, ಮುಂಗಡ ಕೊಟ್ಟರು, ಮುಗೀತು. ಈಗ ನಮ್ಮ ಕಡೆ ಒಂದು ಮನೆ ಕೈ ಬದಲಾಗೋಕೆ ವರ್ಷವೇ ಬೇಕು. ಅಷ್ಟು ದಿನ ಮಾರೋರು, ಕೊಳ್ಳೋರು, ನಡುವೆ ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರೆ ಏನಾದರೊಂದು ಆಗದೆ ಇರುತ್ತದೆಯೇ?

ನಾನು ಮೊದಲು ಚಿತ್ರದುರ್ಗದಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದವಳು. ಕ್ರಯಪತ್ರ ಟೈಪ್ ಮಾಡಿಸೋಕೆ ಬಂದವರೆಲ್ಲ "ಮೇಡಂ, ಎಲ್ಲಾರ ಒಂದು ಮನೆ ಐತೇನ್ರಿ?" ಅಂತ ಕೇಳಿ ಕೇಳಿ, ಕೊನೆಗೆ ಟೈಪ್ ಮಾಡೋದು ಬಿಟ್ಟು ಮನೆ ತೋರಿಸೋಳಾದೆ.

ನಿಜ ಹೇಳುವ ಕಂಡಕ್ಟರು

ಹೊಸದುರ್ಗದಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಮೊಣಕಾಲು ಹೋಗಿತ್ತು. ಮನೆಗೆ ಮೆಟ್ಟಿಲು ಜಾಸ್ತಿ. ಇದನ್ನ ಮಾರಿ ನೆಲಮಟ್ಟದ ಸಣ್ಣ ಮನೆ ತಗೊಳ್ಳಬೇಕು ಅಂತ ಹತ್ತು ತಿಂಗಳಿಂದ ಕಾಯ್ತಿದ್ದರು. ಅವರ ತೊಂದರೆ ಒಂದೇ, ಸುಳ್ಳು ಹೇಳೋಕೆ ಬರ್ತಿರಲಿಲ್ಲ. ನಾನು ಗಿರಾಕಿಗೆ ಹಾಲ್ ತೋರಿಸ್ತಿದ್ದರೆ ಇವರು ಹಿಂದಿನಿಂದ, "ಆ ಗೋಡೆ ಮಳೆಗಾಲದಾಗೆ ಬೆವರ್ತೈತೆ ಕಣ್ರಿ. ಮಂಚ ಅಲ್ಲಿ ಹಾಕ್ಬ್ಯಾಡ್ರಿ" ಅನ್ನೋರು. ಗಿರಾಕಿ ಮಂಚ ಹಾಕೋದಿರಲಿ, ಕಾಲೂ ಹಾಕ್ತಿರಲಿಲ್ಲ.

"ನೀವು ಸುಮ್ಮನೆ ಕುಂತ್ಕಳ್ರಿ, ಮಾತೆಲ್ಲ ನಾನು ಆಡ್ತೀನಿ" ಅಂದೆ. ಪಾಪ, ಒಪ್ಪಿದರು. ಮುಂದಿನ ಗಿರಾಕಿ ಬಂದಾಗ ಬಾಯಿ ಬಿಗಿಹಿಡಿದು ಕೂತರು. ಒಳಗಿನ ಸಂಕಟಕ್ಕೆ ಮುಖವೆಲ್ಲ ಕೆಂಪಗಾಗಿತ್ತು. ಗಿರಾಕಿ ನನ್ನನ್ನು ಆಚೆ ಕರೆದು, "ಯಜಮಾನ್ರು ಏನೋ ಮುಚ್ಚಿಡ್ತಾ ಅವ್ರೆ. ಈ ಮನೇಲಿ ಯಾರಾದ್ರೂ ಸತ್ತವ್ರೇನ್ರಿ?" ಅಂತ ಕೇಳಿದ.

ಮೂರನೆಯ ಸಲ ಆಸ್ಪತ್ರೆಯಲ್ಲಿ ನರ್ಸ್ ಆಗಿರೋ ಒಬ್ಬಾಕೆ ಬಂದರು. ನನಗೂ ಸಾಕಾಗಿತ್ತು, "ನಿಮಗೆ ಏನು ಹೇಳ್ಬೇಕು ಅನ್ಸುತ್ತೋ ಹೇಳ್ರಿ" ಅಂದುಬಿಟ್ಟೆ. ಕಂಡಕ್ಟರು ಮುಕ್ಕಾಲು ಗಂಟೆ ಹೇಳಿದರು. ಬೆವರುವ ಗೋಡೆ, ಸೋರುವ ನಲ್ಲಿ, ಬೇಸಿಗೆಯಲ್ಲಿ ಕಾಯುವ ತಾರಸಿ, ಒಂದೂ ಬಿಡಲಿಲ್ಲ. ಆಕೆ ಎಲ್ಲ ಒಂದು ಚೀಟಿಯಲ್ಲಿ ಬರಕೊಂಡು, ರಿಪೇರಿಗೆ ಎಷ್ಟಾಗುತ್ತೆ ಅಂತ ಗಾರೆಯವರನ್ನು ಕೇಳಿ, ಅಷ್ಟನ್ನ ಬೆಲೆಯಲ್ಲಿ ಮುರಕೊಂಡು ವಾರದೊಳಗೆ ಮುಂಗಡ ತಂದರು. "ಹದಿನಾರು ಮನೆ ನೋಡ್ದೆ. ಯಾವುದ್ರಾಗೂ ಒಂದು ಕುಂದಿಲ್ಲ ಅಂದ್ರು. ಇಲ್ಲಿ ಕಾಯಿಲೆ ಯಾವ್ದು ಅಂತಾದ್ರೂ ಗೊತ್ತಾತು" ಅಂದರು.

ನೋಂದಣಿ ದಿನ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಕಂಡಕ್ಟರು ಕೈ ಹಿಂದಕ್ಕೆ ಎಳಕೊಂಡರು. ಅವರು ಅಧಿಕಾರಿಗೆ ಕೈಮುಗಿದು, "ಒಂದು ನಿಮಿಷ ಸ್ವಾಮಿ. ಹಿತ್ತಲ ಬಾಗಿಲ ಚಿಲಕ ಸ್ವಲ್ಪ ಎತ್ತಿ ಹಾಕ್ಬೇಕು, ಈಯಮ್ಮಂಗೆ ಅದೊಂದು ಹೇಳೋದು ಮರ್ತಿದ್ದೆ" ಅಂದರು.

ಹೊಳಲ್ಕೆರೆಯ ಅಡುಗೆಮನೆ

ಹೊಳಲ್ಕೆರೆಯ ಗಂಡ ಹೆಂಡತಿ ಮನೆ ಮಾರಲೇಬೇಕು ಅಂತ ಹಟ ಹಿಡಿದಿದ್ದರು. ಗಂಡನಿಗೆ ಟೈಲರಿಂಗ್ ಅಂಗಡಿ. ಹೆಂಡತಿಗೆ ಆ ಮನೆಯ ಅಡುಗೆಮನೆ ಕಂಡರಾಗದು. ಹಗಲು ಹೊತ್ತಲ್ಲೂ ಲೈಟು ಹಾಕದೆ ಉಪ್ಪಿನ ಡಬ್ಬ ಯಾವುದು, ಸೋಡಾ ಡಬ್ಬ ಯಾವುದು ತಿಳೀತಿರಲಿಲ್ಲ. ಅದಕ್ಕೇ ಇಬ್ಬರಿಗೂ ಹತ್ತು ವರ್ಷದಿಂದ ಜಗಳ.

ಎಂಟು ತಿಂಗಳು ಒಬ್ಬ ಗಿರಾಕಿಯೂ ಎರಡನೆಯ ಸಲ ಬರಲಿಲ್ಲ. ನಾನು ಎಲ್ಲರಿಗೂ ಹೇಳೋ ಹಾಗೆ ಅವರಿಗೂ ಹೇಳಿದೆ: "ಮಾರ್ಕೆಟ್ ಹಿಂಗಿರುವಾಗ ಬೆಲೆ ಇಳಿಸೋದಕ್ಕೆ ಮುಂಚೆ ಮನೆ ಒಪ್ಪ ಮಾಡ್ರಿ. ಬೇಡದ ಸಾಮಾನು ಸಾಗಹಾಕ್ರಿ, ಸುಣ್ಣ ಬಳಿಸ್ರಿ, ಅಡುಗೆಮನೆಗೆ ಮೂಡಲ ಕಡೆ ಒಂದು ಕಿಟಕಿ ಒಡೆಸ್ರಿ." ಗಂಡ ಗೊಣಗುತ್ತಲೇ ಒಪ್ಪಿದರು.

ತಿಂಗಳಾದ ಮೇಲೆ ಗಿರಾಕಿ ಕರಕೊಂಡು ಹೋದರೆ ನನಗೇ ಗುರುತು ಸಿಗಲಿಲ್ಲ. ಅಡುಗೆಮನೆ ತುಂಬ ಬಿಸಿಲು, ಕಿಟಕಿಯಲ್ಲಿ ದೊಡ್ಡಪತ್ರೆ ಕುಂಡ. ಆಯಮ್ಮ ಅಲ್ಲೇ ಮಣೆ ಹಾಕಿಕೊಂಡು ಕೂತಿದ್ದಾರೆ, ಗಂಡ ಪಕ್ಕದಲ್ಲಿ ಅವರೆಕಾಯಿ ಸುಲೀತಿದ್ದಾರೆ. ಗಿರಾಕಿ "ಭಾಳ ಚೆನ್ನಾಗೈತೆ, ನೀವು ಹೇಳಿದ ರೇಟಿಗೇ ತಗೊಳ್ತೀನಿ" ಅಂದ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಯಮ್ಮ ಮೆಲ್ಲಗೆ, "ಇಂಥಾ ಮನೆ ಮಾರಿದ್ರೆ ನಮಗೆ ಮತ್ತೆ ಸಿಗ್ತೈತೇನ್ರಿ?" ಅಂತ ನನ್ನನ್ನೇ ಕೇಳಿದರು.

ನನ್ನ ಕಮಿಷನ್ ಅವರೆಕಾಯಿ ಸಿಪ್ಪೆ ಜೊತೆ ಹೋಯ್ತು. ಹದಿನೈದು ದಿನಕ್ಕೆ ಆಮಂತ್ರಣ ಪತ್ರಿಕೆ ಬಂತು. ಹತ್ತು ವರ್ಷದಿಂದ ವಾಸ ಇರೋ ಮನೆಗೆ ಗೃಹಪ್ರವೇಶ. ಊಟ ಮಾಡಿ ಬಂದೆ, ಅಡುಗೆಯಲ್ಲಿ ಉಪ್ಪು ಸರಿಯಾಗಿತ್ತು.

ಪಕ್ಕದ ಮನೆಯವರನ್ನು ಕೇಳಿ

ಕೊಳ್ಳೋರಿಗೂ ನಾನು ಒಂದು ಮಾತು ಹೇಳ್ತಿದ್ದೆ: "ಅವಸರ ಮಾಡಬೇಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಬಂದು ನೋಡಿ. ಪಕ್ಕದ ಮನೆಯವರ ಹತ್ತಿರ ಕೂತು ಮಾತಾಡಿ." ಚಿತ್ರದುರ್ಗದ ಒಬ್ಬ ಅಂಚೆ ಗುಮಾಸ್ತರು ಇದನ್ನ ಅಕ್ಷರಶಃ ಪಾಲಿಸಿದರು. ಮೂರು ಹೊತ್ತೂ ಹೋದರು, ಪಕ್ಕದ ಮನೆಯಲ್ಲಿ ಕೂತರು, ಕಾಫಿ ಕುಡಿದರು, ಮಂಡಕ್ಕಿ ತಿಂದರು. ಕೊನೆಗೆ ಪಕ್ಕದ ಮನೆಯನ್ನೇ ಕೊಂಡರು. ಈಗ ಆ ಸಲಹೆಯನ್ನ ಮುಂಗಡ ಬಂದ ಮೇಲೆ ಕೊಡ್ತೀನಿ.

ಟವೆಲ್ಲಿನ ಅಡಿಯ ವ್ಯಾಪಾರ

ಹಿರಿಯೂರಿನಲ್ಲಿ ಒಬ್ಬ ಕಾಲೇಜು ಮೇಷ್ಟ್ರು. ಹಾಸನಕ್ಕೆ ವರ್ಗವಾಗಿ ಒಂದೂವರೆ ವರ್ಷವಾಗಿತ್ತು. ಅಲ್ಲಿ ಬಾಡಿಗೆ, ಇಲ್ಲಿ ಬ್ಯಾಂಕಿನ ಕಂತು, ವಾರಕ್ಕೊಮ್ಮೆ ಬಸ್ಸಿನಲ್ಲಿ ಓಡಾಟ. ಮನುಷ್ಯ ಬಡಕಲಾಗಿಬಿಟ್ಟಿದ್ದರು. ಮೂವತ್ತೈದು ಲಕ್ಷ ಹೇಳ್ತಿದ್ದರು. "ಮೂವತ್ತೆರಡು ಬಂದ್ರೆ ಕೊಟ್ಟುಬಿಡೋಣ" ಅಂತ ನನ್ನ ಕಿವಿಯಲ್ಲಿ ಹೇಳಿದ್ದರು.

ಕೊಳ್ಳೋಕೆ ಬಂದವರು ಹರಿಯಬ್ಬೆ ಕಡೆಯ ಒಬ್ಬ ಕುರಿ ಸಾಕುವ ಯಜಮಾನರು. ಮಗಳಿಗೆ ಹಿರಿಯೂರಲ್ಲಿ ಕೆಲಸ ಸಿಕ್ಕಿತ್ತು. ಬಾಡಿಗೆ ಮನೆ ಕೇಳೋಕೆ ಹೋದಲ್ಲೆಲ್ಲ ಇವರ ಕಂಬಳಿ ನೋಡಿ "ಖಾಲಿ ಇಲ್ಲ" ಅಂದಿದ್ದರಂತೆ. "ನನ್ನ ಮಗಳು ಯಾರ ಬಾಗಿಲಾಗೂ ನಿಲ್ಲಬಾರ್ದು. ಸ್ವಂತದ್ದೇ ತಗೊಳ್ಳಾಣ" ಅಂತ ಬಂದಿದ್ದರು. ಗೋಡೆ ತಟ್ಟಿ ನೋಡಿದರು, ಬಾಗಿಲು ಎತ್ತಿ ನೋಡಿದರು. ಕಾಗದಪತ್ರ ಎಲ್ಲ ವಕೀಲರಿಗೆ ತೋರಿಸಿಯೇ ಬಂದಿದ್ದರು. ನನಗಿಂತ ಹುಷಾರಿ.

ನಾನು ಕಾಫಿ ತರೋಕೆ ಒಳಗೆ ಹೋದೆ. ವಾಪಸ್ ಬಂದರೆ ಇಬ್ಬರೂ ಸೋಫಾದ ಮೇಲೆ ಒತ್ತಿಕೊಂಡು ಕೂತಿದ್ದಾರೆ. ಕೈ ಮೇಲೆ ಕೈ, ಅದರ ಮೇಲೆ ಯಜಮಾನರ ಟವೆಲ್ಲು. ಮೇಷ್ಟ್ರ ಕಣ್ಣಲ್ಲಿ ನೀರು. ಸಂತೆಯಲ್ಲಿ ಕುರಿ ವ್ಯಾಪಾರ ಹೀಗೇ. ಬೆಲೆ ಬಾಯಲ್ಲಿ ಹೇಳಲ್ಲ, ಟವೆಲ್ಲಿನ ಅಡಿ ಬೆರಳು ಹಿಡೀತಾರೆ. ಎಷ್ಟು ಬೆರಳೋ ಅಷ್ಟು ಬೆಲೆ. ಮೇಷ್ಟ್ರಿಗೆ ಅದು ಎಲ್ಲಿ ಗೊತ್ತು?

ಸ್ವಲ್ಪ ಹೊತ್ತಿಗೆ ಯಜಮಾನರು ಟವೆಲ್ಲು ಕೊಡವಿ, "ಆತು, ಒಳ್ಳೇದಾಗ್ಲಿ" ಅಂತ ಜಗಲಿಗೆ ಹೋದರು.

ಮೇಷ್ಟ್ರು ಕಣ್ಣೊರೆಸಿಕೊಂಡು, "ಎಂಥಾ ಮನುಷ್ಯ ರೀ. ನನ್ನ ವರ್ಗಾವಣೆ ಕಷ್ಟ ಹೇಳ್ದೆ. 'ಇದ್ದದ್ದು ಇರ್ಲಿ, ಮೇಲಿಂದು ನೋಡಾಣ' ಅಂತ ದೇವರ ಮೇಲೆ ಭಾರ ಹಾಕಿ ಕೈ ಹಿಡಕೊಂಡ್ರು. ಬೆಲೆ ವಿಷಯ ಮಾತ್ರ ಎತ್ತಲೇ ಇಲ್ಲ" ಅಂದರು.

"ಸರ್, ವ್ಯಾಪಾರ ಮುಗೀತು" ಅಂದೆ.

"ಯಾವ ವ್ಯಾಪಾರ?"

ಜಗಲಿಯಲ್ಲಿ ಯಜಮಾನರು ವಿವರಿಸಿದರು. "ಭಾರಿ ಗಟ್ಟಿ ಕುಳ. ಮೂವತ್ತಂತೂ ಇದ್ದದ್ದೇ, ಅದರ ಮೇಲೆ ಎರಡು ಅಂತ ಎರಡು ಬೆರಳು ಹಿಡಿದೆ. ಐದೂ ಬೆರಳು ಗಪ್ ಅಂತ ಹಿಡ್ಕಂಡ್ರು. ಮೂರಕ್ಕೆ ಬಂದೆ, ಮತ್ತೆ ಐದೂ ಹಿಡಿದು ಕಣ್ಣೀರು ಬ್ಯಾರೆ ಹಾಕಿದ್ರು. ಸಂತೇಲಿ ಕೂದಲು ಬೆಳ್ಳಗಾತು, ಹಿಂಗೆ ಅತ್ತು ರೇಟು ಹಿಡಿಯೋರ್ನ ಕಂಡಿಲ್ಲ. ನಾಕು ಹಿಡಿದ ಮೇಲೆ ತಲೆ ಆಡಿಸಿದ್ರು. ಮೂವತ್ನಾಕು."

ಒಳಗಿನಿಂದ ಕೇಳಿಸಿಕೊಂಡ ಮೇಷ್ಟ್ರು ಓಡಿ ಬಂದರು. "ಯಜಮಾನ್ರೇ, ನನಗೆ ಅದು ಗೊತ್ತಿರಲಿಲ್ಲ. ನಾನು ಸುಮ್ಮನೆ ಪ್ರೀತಿಗೆ ಕೈ ಹಿಡಿದದ್ದು. ಮೂವತ್ತೆರಡೇ ಸಾಕು."

ಯಜಮಾನರ ಮುಖ ಗಂಟಾಯಿತು. "ಟವೆಲ್ಲಿನ ಅಡಿ ಆದ ಮಾತು ಇಳಿಯಾಂಗಿಲ್ಲ. ನಾಳೆ ಸಂತೇಲಿ ನಾನು ತಲೆ ಎತ್ಕಂಡು ಓಡಾಡ್ಬೇಕು."

ಮಾರೋರು ಇಳಿಸ್ತಾರೆ, ಕೊಳ್ಳೋರು ಏರಿಸ್ತಾರೆ. ಇಂಥ ಚೌಕಾಶಿ ನಾನು ಅದೇ ಮೊದಲು ಕಂಡದ್ದು. ಅರ್ಧ ಗಂಟೆಯಾದರೂ ಒಬ್ಬರೂ ಸೋಲಲಿಲ್ಲ. ಕೊನೆಗೆ ಯಜಮಾನರು, "ಹಂಗಾದ್ರೆ ಇನ್ನೊಂದು ಸಲ ಕುಂತ್ಕಳ್ರಿ" ಅಂತ ಟವೆಲ್ಲು ಹಾಸಿದರು. ಈ ಸಲ ಮೇಷ್ಟ್ರು ತಿಳಿದೇ ಕೂತರು. ಟವೆಲ್ಲು ಆ ಕಡೆ ಈ ಕಡೆ ಬಹಳ ಹೊತ್ತು ಅಲುಗಾಡಿತು. ಮೂವತ್ತಮೂರಕ್ಕೆ ನಿಂತಿತು.

ಯಜಮಾನರು ಬೆರಳು ನೀವಿಕೊಂಡು ನನ್ನ ಕಡೆ ತಿರುಗಿ ಹೇಳಿದರು: "ಮೇಷ್ಟ್ರು ಬೇಗ ಕಲಿತ್ರು ಕಣಮ್ಮ. ಆದ್ರೆ ಪೂರ್ತಿ ಉಲ್ಟಾ ಕಲಿತವ್ರೆ. ಇವರ್ನ ಯಾರೂ ಕುರಿ ಮಾರಾಕೆ ಮಾತ್ರ ಕಳಿಸ್ಬ್ಯಾಡ್ರಿ."