ನಗರಸಭೆಯಲ್ಲಿ ನಮ್ಮವರು

ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಬೀಗ ಬೀಳುವ ಹಾಗೆ ಮಾಡಿದವರು ಡಚ್ಚರಲ್ಲ, ನಮ್ಮವರೇ. ನಾವೇ ವೋಟು ಹಾಕಿ, ನಾವೇ ಚಪ್ಪಾಳೆ ತಟ್ಟಿ ನಗರಸಭೆಗೆ ಕಳಿಸಿದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ನೀವು ನಗುತ್ತೀರಿ. ನಗಿ. ಯಾವುದಕ್ಕೆ ನಗುತ್ತಿದ್ದೀರಿ ಎಂಬುದು ಗೊತ್ತಿರಲಿ.

ಭವನ ದೊಡ್ಡದೇನಲ್ಲ. ಡೆಲ್ಫ್ಟ್‌ನಿಂದ ಸೈಕಲ್ ತುಳಿದು ಬರುವಷ್ಟು ದೂರದ ನಮ್ಮ ಊರಿನಲ್ಲಿ, ಕಾಲುವೆಯ ದಂಡೆಗೆ ಒಂದು ಇಟ್ಟಿಗೆ ಕಟ್ಟಡ. ಬುಧವಾರ ಸಂಜೆ ಅಲ್ಲಿ ನಮ್ಮ ಹೆಂಗಸರಿಗೆ ಪುಕ್ಕಟೆ ಡಚ್ ಪಾಠ. ನನ್ನ ಜೊತೆ ಟೊಮೆಟೊ ಬೆಳೆಯುವ ಗಾಜಿನ ಮನೆಯಲ್ಲಿ ದುಡಿಯುವ ಗದಗದ ಕಡೆಯ ಅಕ್ಕ ಒಬ್ಬರಿದ್ದಾರೆ. ಬಂದ ಹೊಸದರಲ್ಲಿ ಮಗುವಿಗೆ ಜ್ವರ ಬಂದರೂ ಗಂಡ ಕೆಲಸದಿಂದ ಬರುವ ತನಕ ಕಾಯುತ್ತಿದ್ದರು. ಡಾಕ್ಟರಿಗೆ ಏನು ಹೇಳಬೇಕೆಂದೇ ಗೊತ್ತಿರಲಿಲ್ಲ. ಈಗ ಫೋನಿನಲ್ಲಿ ತಾವೇ ಜಗಳವಾಡಿ ಅವತ್ತೇ ತೋರಿಸಿಕೊಂಡು ಬರುತ್ತಾರೆ. ಭವನ ಮುಚ್ಚಿದರೆ ಪಾಠ ನಿಲ್ಲುತ್ತದೆ. ಪಾಠ ನಿಂತರೆ, ಅಕ್ಕನ ಹಿಂದೆ ಬಂದು ಸೇರಿದ ಹೆಂಗಸರೆಲ್ಲ ಮತ್ತೆ ಗಂಡನ ದಾರಿ ಕಾಯುತ್ತ ಕೂರಬೇಕು.

ನಮ್ಮ ಸದಸ್ಯರು ಮೈಸೂರಿನವರು, ವಿಮೆ ಮಾರುವವರು. ಅವರು ಕಾಲಿಟ್ಟಲ್ಲೆಲ್ಲ ಇಂಥದ್ದೊಂದು ಎಡವಟ್ಟು ನಡೆಯದೆ ಹೋಗುವುದಿಲ್ಲ. ನಾನು ಕಂಡಿದ್ದು ಕೇಳಿದ್ದಷ್ಟನ್ನು ಹೇಳುತ್ತೇನೆ.

ಸೋದರತ್ತೆ

ಈ ದೇಶದಲ್ಲಿ ಪೌರತ್ವ ಇಲ್ಲದಿದ್ದರೂ ಐದು ವರ್ಷ ಇದ್ದವರು ನಗರಸಭೆಗೆ ವೋಟು ಹಾಕಬಹುದು. ಪಕ್ಷದ ಪಟ್ಟಿಯಲ್ಲಿ ಕೆಳಗೆ ಬಿದ್ದವನ ಹೆಸರಿಗೂ ಸಾಕಷ್ಟು ವೋಟು ಬಂದರೆ ಅವನು ಮೇಲೆ ಬರುತ್ತಾನೆ. ನಮ್ಮ ಸದಸ್ಯರಿಗೆ ಇವೆರಡೂ ಗೊತ್ತಿದ್ದವು. ಬೇರೆ ಏನೂ ಗೊತ್ತಿರಲಿಲ್ಲ.

ಡಚ್ಚರ ಮನೆಯ ಬಾಗಿಲಲ್ಲಿ ನಿಂತು ಚರಂಡಿ, ಪಾರ್ಕಿಂಗ್, ಮಕ್ಕಳ ಆಟದ ಜಾಗದ ಬಗ್ಗೆ ಮಾತಾಡಿದರು. ನಮ್ಮ ಮನೆಗಳಿಗೆ ಮಾತ್ರ ನೇರ ಒಳಗೆ ಬಂದು, ಸೋಫಾದ ಮೇಲೆ ಕೂತು, ಕೇಳುತ್ತಿದ್ದದ್ದು ಒಂದೇ: "ತಮ್ಮದು ಯಾವೂರು?"

"ಗದಗ ರೀ," ಅಂದರು ಅಕ್ಕ.

"ಗದಗಾನಾ! ನಮ್ಮ ಸೋದರತ್ತೇನ ಗದಗಿಗೇ ಕೊಟ್ಟಿರೋದು ಕಣಮ್ಮಾ! ಹಾಗಾದ್ರೆ ನಾವು ನೆಂಟರೇ ಆಯ್ತಲ್ಲ!"

ನೆಂಟರಿಗೆ ಉಪ್ಪಿಟ್ಟು ಹಾಕದೆ ಇರಲಾಗುತ್ತದೆಯೇ? ಹಾಕಿದರು. ಎರಡು ಸಲ ಹಾಕಿಸಿಕೊಂಡರು. ವೋಟೂ ಸಿಕ್ಕಿತು.

ಬುಧವಾರ ಪಾಠಕ್ಕೆ ಸೇರಿದಾಗ ಹೆಂಗಸರು ಮಾತಿಗೆ ಕೂತರು. ಮಂಗಳೂರಿನವರು ಹೇಳಿದರು, ಸದಸ್ಯರ ಸೋದರತ್ತೆಯನ್ನು ಮಂಗಳೂರಿಗೆ ಕೊಟ್ಟಿದ್ದಾರಂತೆ. ತುಮಕೂರಿನವರಿಗೆ ತುಮಕೂರಿಗೆ. ನಾಸಿಕದ ಮರಾಠಿ ಹೆಂಗಸಿಗೆ ನಾಸಿಕಕ್ಕೆ. ಎಲ್ಲಾ ಕೇಳಿಸಿಕೊಂಡು ಅಕ್ಕ ತಲೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯ ನಮ್ಮವ್ವಾ! ಪಾಪ, ಆ ಒಬ್ಬಾಕಿ ಅತ್ತೀಗೆ ಎಷ್ಟು ಮದಿವಿ ಮಾಡ್ಯಾರ್ರೀ ಇವರು!"

ಮೂರು ನಿಮಿಷ

ಭವನಕ್ಕೆ ಹೋಗುವ ದಾರಿಯಲ್ಲಿ ದೀಪವಿರಲಿಲ್ಲ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲೆ. ಪಾಠಕ್ಕೆ ಹೊರಟಿದ್ದ ಅಕ್ಕ ಒಮ್ಮೆ ಸೈಕಲ್ ಸಮೇತ ಜಾರಿ ಕಾಲುವೆಯ ಅಂಚಿಗೆ ಹೋಗಿ ನಿಂತರು. ಒಂದು ಮೊಳ ಮುಂದೆ ಹೋಗಿದ್ದರೆ ನೀರು. ನಾವೆಲ್ಲ ಗಲಾಟೆ ಮಾಡಿದ ಮೇಲೆ ಸದಸ್ಯರು ನಗರಸಭೆಯಲ್ಲಿ ಮಾತಾಡಲು ಒಪ್ಪಿದರು. ಅದು ಅವರ ಮೊದಲನೇ ಭಾಷಣ. ಕನ್ನಡ ಸಂಘದ ಅಧ್ಯಕ್ಷರು ನಮ್ಮನ್ನೆಲ್ಲ ಒಟ್ಟು ಮಾಡಿ ಪ್ರೇಕ್ಷಕರ ಗ್ಯಾಲರಿ ತುಂಬಿಸಿದರು.

ಅಲ್ಲಿ ಒಬ್ಬೊಬ್ಬರಿಗೆ ಮೂರೇ ನಿಮಿಷ. ಡಚ್ಚರು ಎದ್ದು ನಿಲ್ಲುತ್ತಾರೆ, ಬೇಕಾದದ್ದನ್ನು ಹೇಳುತ್ತಾರೆ, ಕೂರುತ್ತಾರೆ. ನಮ್ಮವರು ಎದ್ದು ಕೋಟಿನ ಗುಂಡಿ ಹಾಕಿಕೊಂಡು ಶುರು ಮಾಡಿದರು. ಮಾನ್ಯ ಮೇಯರರೇ. ಮೇಯರರ ಎಡಗಡೆಯಲ್ಲಿ ಆಸೀನರಾಗಿರುವ ಗೌರವಾನ್ವಿತ ಕಾರ್ಯದರ್ಶಿಗಳೇ. ನನ್ನ ಪಕ್ಷದ ನಾಯಕಿಯವರೇ, ನನಗೆ ಅಕ್ಕನ ಸಮಾನರೇ. ವಿರೋಧ ಪಕ್ಷದ ಹಿರಿಯರೇ. ಪತ್ರಿಕಾ ಮಿತ್ರರೇ. ಗ್ಯಾಲರಿಯಲ್ಲಿ ನೆರೆದಿರುವ ನನ್ನ ಆತ್ಮೀಯ ಬಂಧುಗಳೇ. ಎಲ್ಲಾ ಡಚ್ ಭಾಷೆಯಲ್ಲಿ, ಒಬ್ಬೊಬ್ಬರ ಕಡೆ ತಿರುಗಿ, ಕೈ ಮುಗಿದು. ಡಚ್ಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೋ ಸತ್ತಿದ್ದಾರೇನೋ ಎಂಬಂತೆ.

ಕಾಫಿ ತಂದಿಟ್ಟಿದ್ದ ಹೆಂಗಸಿಗೆ ವಂದಿಸುವಷ್ಟರಲ್ಲಿ ಗಂಟೆ ಹೊಡೆಯಿತು. "ನಿಮ್ಮ ಸಮಯ ಮುಗಿಯಿತು," ಅಂದರು ಮೇಯರ್.

ಸದಸ್ಯರು ಗಲಿಬಿಲಿಗೊಳ್ಳಲಿಲ್ಲ. "ಅವಕಾಶ ಕೊಟ್ಟಿದ್ದಕ್ಕೆ ವಂದನೆಗಳು" ಎಂದು ಕೂತುಬಿಟ್ಟರು. ದೀಪ ಎಂಬ ಮಾತು ಬಾಯಿಂದ ಬರಲಿಲ್ಲ. ನಮ್ಮ ಗ್ಯಾಲರಿಯಲ್ಲಿ ಮಾತ್ರ ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರ ಕಣ್ಣಲ್ಲಿ ನೀರು.

"ದೀಪದ ವಿಷಯ ಹೇಳಲೇ ಇಲ್ಲವಲ್ಲ ಸಾರ್?" ಅಂದೆ.

"ಹೇಳಲಿಲ್ಲ, ನಿಜ," ಅಂದರು ಅಧ್ಯಕ್ಷರು ಕಣ್ಣೊರೆಸಿಕೊಂಡು. "ಆದ್ರೂ ಎಷ್ಟು ಚೆನ್ನಾಗಿ ಹೇಳಿದ್ರು ನೋಡ್ರಿ!"

ಷಡ್ಡಕ

ಸದಸ್ಯರ ಷಡ್ಡಕರೊಬ್ಬರು ಕೆನಡಾದಲ್ಲಿ ಒಂದು ಪ್ರಾಂತ್ಯದ ಶಾಸಕರು. ಈ ವಿಷಯ ನಿಮಗೆ ತಿಳಿಯದೇ ಇದ್ದರೆ ನೀವು ನಮ್ಮ ಸದಸ್ಯರನ್ನು ಇನ್ನೂ ಭೇಟಿಯಾಗಿಲ್ಲ ಎಂದರ್ಥ. ಅಲ್ಲಿ ಅವರು ಪ್ರಾಂತ್ಯಕ್ಕೆ ಶಾಸಕರು, ಇಲ್ಲಿ ಇವರು ಬರೀ ಒಂದು ಊರಿಗೆ ಸದಸ್ಯರು. ಒಂದೇ ಮನೆಯ ಅಳಿಯಂದಿರ ನಡುವೆ ಈ ಅಂತರ ಇರಬಾರದು ನೋಡಿ. ಹಾಗಾಗಿ ಇವರೂ ಈಗ ಪ್ರಾಂತ್ಯದ ಸಭೆಗೆ ನಿಲ್ಲುತ್ತಿದ್ದಾರೆ. ಜನಸೇವೆಗೆ ಇದಕ್ಕಿಂತ ದೊಡ್ಡ ಕಾರಣ ನಾನು ಕೇಳಿಲ್ಲ.

ಷಡ್ಡಕರು ಒಮ್ಮೆ ಇಲ್ಲಿಗೆ ಬಂದಿದ್ದರು. ಸದಸ್ಯರು ಅವರನ್ನು ನಮ್ಮ ಭವನದ ಮುಂದೆ ನಿಲ್ಲಿಸಿ, ಎರಡೂ ಕೈ ಚಾಚಿ, "ಇದು ನಾನು ಕಟ್ಟಿಸಿದ್ದು," ಅಂದರು.

ಷಡ್ಡಕರು ಗೋಡೆಯ ಕಲ್ಲನ್ನು ಓದಿದರು. "ಅಲ್ಲಯ್ಯಾ, ಇದರ ಮೇಲಿರೋ ಇಸವಿಯಲ್ಲಿ ನೀನಿನ್ನೂ ಮೈಸೂರಿನಲ್ಲಿ ಹೈಸ್ಕೂಲಿಗೆ ಹೋಗ್ತಿದ್ಯಲ್ಲ?"

"ಹೌದು," ಅಂದರು ನಮ್ಮ ಸದಸ್ಯರು. "ಆ ಕಲ್ಲನ್ನೂ ಸರಿ ಮಾಡಿಸ್ಬೇಕು ಅಂತಿದೀನಿ."

ಒಂದು ಬಿಸ್ಕತ್ತು

ನಗರಸಭೆಯವರು ಭವನವನ್ನು ಮುಚ್ಚಿ ಮಾರುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಅಕ್ಕನೂ ನಾನೂ ಸದಸ್ಯರ ಮನೆಗೆ ಹೋದೆವು. ನಮ್ಮ ಮನೆಗಳಿಗೆ ಅವರು ಹೇಳದೆ ಕೇಳದೆ ನುಗ್ಗಿದವರು. ನಮಗೆ ಮಾತ್ರ ಬಾಗಿಲಲ್ಲೇ ಡೈರಿ ತೆಗೆದು, "ಇಲ್ಲಿ ಹಾಗೆಲ್ಲ ಬರೋ ಹಾಗಿಲ್ಲ ಕಣ್ರೀ, ಮೊದಲೇ ಟೈಮ್ ತಗೋಬೇಕು" ಎಂದು ಮೂರು ವಾರ ಬಿಟ್ಟು ಬರಲು ಹೇಳಿದರು.

ಮೂರು ವಾರ ಬಿಟ್ಟು ಹೋದೆವು. ಕಾಫಿ ಬಂತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಟಪ್ಪನೆ ಮುಚ್ಚಿದರು. ಈ ದೇಶದಲ್ಲಿ ಇಷ್ಟು ವರ್ಷ ಇದ್ದು ಡಚ್ಚರಿಂದ ಅವರು ಸರಿಯಾಗಿ ಕಲಿತದ್ದು ಇದೊಂದನ್ನೇ.

"ನೋಡಿ," ಅಂದರು, "ನಾನು ಬರೀ ನಮ್ಮವರಿಗೆ ಪ್ರತಿನಿಧಿ ಅಲ್ಲ. ಇಡೀ ಊರಿಗೆ ಪ್ರತಿನಿಧಿ."

ಅಕ್ಕ ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸಿಟ್ಟರು. "ಹಂಗಾದ್ರ ನಮ್ಮ ಮನಿಯಾಗ ಎರಡೆರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರಲ್ಲ, ಅದನ್ನೂ ಇಡೀ ಊರಿನ ಪರವಾಗಿ ತಿಂದ್ರೇನ್ರೀ?"

ಸದಸ್ಯರು ಕೆಮ್ಮಿದರು. ಆಮೇಲೆ ಎದೆ ಮುಟ್ಟಿಕೊಂಡು ಮಾತು ಕೊಟ್ಟರು: "ನನ್ನ ಜೀವ ಹೋದ್ರೂ ಭವನ ಮುಚ್ಚೋಕೆ ಬಿಡಲ್ಲ."

ಜೀವವನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ನಗರಸಭೆಯಲ್ಲಿ ಒಂದು ವೋಟು.

ಸನ್ಮಾನ

ಸದಸ್ಯರು ಮಾತು ಕೊಟ್ಟರಲ್ಲ, ಸಂಘದ ಅಧ್ಯಕ್ಷರಿಗೆ ಅಷ್ಟು ಸಾಕಾಯಿತು. ಭವನ ಉಳಿದೇಬಿಟ್ಟಿತು ಎಂದು ತೀರ್ಮಾನಿಸಿ, ಭವನ ಉಳಿಸಿದ ಮಹನೀಯರಿಗೆ ಅದೇ ಭವನದಲ್ಲಿ ಸನ್ಮಾನ ಇಟ್ಟುಕೊಂಡರು. ಬೆಂಗಳೂರಿಗೆ ಫೋನು ಮಾಡಿ ಪುರೋಹಿತರಿಂದ ದಿನ ತೆಗೆಸಿದರು. ಗುರುವಾರ ಸಂಜೆ ಬಹಳ ಪ್ರಶಸ್ತವಂತೆ. ಭವನ ಮುಚ್ಚಬೇಕೋ ಬೇಡವೋ ಎಂದು ನಗರಸಭೆ ವೋಟು ಹಾಕಲಿದ್ದದ್ದೂ ಅದೇ ಗುರುವಾರ ಸಂಜೆ. ಪಂಚಾಂಗದಲ್ಲಿ ನಗರಸಭೆಯ ಕಲಾಪ ಬರೆದಿರುವುದಿಲ್ಲ.

ನಾನು ಹೋಗಿ ಹೇಳಿದೆ. ಅಧ್ಯಕ್ಷರು, "ಪೇಟ ಮೈಸೂರಿಂದ ಬಂದುಬಿಟ್ಟಿದೆಯಲ್ಲಪ್ಪಾ," ಅಂದರು. ಸದಸ್ಯರು, "ಅಲ್ಲಿ ನಮ್ಮ ಪಕ್ಷದವರು ಇರ್ತಾರೆ ಬಿಡ್ರೀ. ನನ್ನದೊಂದು ವೋಟಿನಿಂದ ಏನಾಗುತ್ತೆ?" ಅಂದರು.

ಏನಾಗುತ್ತದೆ ಎಂದು ನೋಡಲು ನಾನು ನಗರಸಭೆಯ ಗ್ಯಾಲರಿಯಲ್ಲಿ ಒಬ್ಬನೇ ಕೂತೆ. ನಮ್ಮ ಪರ ಇದ್ದ ಒಬ್ಬ ಡಚ್ ಸದಸ್ಯೆ ಜ್ವರ ಬಂದು ಮಲಗಿದ್ದಳು. ನಮ್ಮ ಸದಸ್ಯರು ಬಂದಿದ್ದರೆ ಎರಡೂ ಕಡೆ ಸಮ ಆಗುತ್ತಿತ್ತು. ಸಮ ಆದರೆ ಇಲ್ಲಿ ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಅಷ್ಟರಲ್ಲಿ ಅವಳ ಜ್ವರವೂ ಬಿಟ್ಟಿರುತ್ತಿತ್ತು. ಕೈಗಳು ಎದ್ದವು, ಎಣಿಸಿದರು. ಒಂದೇ ಒಂದು ವೋಟಿನಿಂದ ಭವನ ಹೋಯಿತು.

ಸೈಕಲ್ ತುಳಿದುಕೊಂಡು ಭವನಕ್ಕೆ ಬಂದೆ. ಒಳಗೆ ಸದಸ್ಯರು ಶಾಲು ಹೊದ್ದು, ಪೇಟ ತೊಟ್ಟು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಾರೆ. ಮೈಕಿನಲ್ಲಿ ಅಧ್ಯಕ್ಷರು, "ಇವರಿಲ್ಲದಿದ್ದರೆ ಈ ಭವನ ಇಂದು..." ಅನ್ನುತ್ತಿದ್ದಾರೆ.

"ಭವನ ಹೋಯ್ತು!" ಎಂದು ಕೂಗಿದೆ. "ಒಂದು ವೋಟಿಗೆ ಹೋಯ್ತು! ಆ ವೋಟು ಇಲ್ಲಿ ಪೇಟ ಹಾಕ್ಕೊಂಡು ಕೂತಿದೆ!"

ಅಧ್ಯಕ್ಷರು ಮೈಕಿಗೆ ಕೈ ಅಡ್ಡ ಹಿಡಿದು, "ದಯವಿಟ್ಟು ಕೂತ್ಕೊಳ್ಳಿ, ಇನ್ನೂ ಅಭಿನಂದನಾ ಭಾಷಣ ಮುಗಿದಿಲ್ಲ," ಅಂದರು.

ಸದಸ್ಯರು ಎದ್ದರು. ನಾಚಿಕೆಯಿಂದ ಪೇಟ ತೆಗೆಯುತ್ತಾರೆ ಅಂದುಕೊಂಡೆ. ಸರಿಪಡಿಸಿಕೊಂಡರು. "ಬಂಧುಗಳೇ, ನಾನು ಇಲ್ಲಿರುವ ಸಮಯ ಸಾಧಿಸಿ ಅಲ್ಲಿ ಈ ಅನ್ಯಾಯ ಮಾಡಿದ್ದಾರೆ! ಇದನ್ನು ನಾನು ಪ್ರಾಂತ್ಯದಲ್ಲಿ ಎತ್ತುತ್ತೇನೆ. ಅದಕ್ಕಾಗಿ ನನ್ನನ್ನು ಪ್ರಾಂತ್ಯಕ್ಕೆ ಕಳಿಸಿ!"

ಚಪ್ಪಾಳೆ! ನನ್ನಾಣೆ, ಚಪ್ಪಾಳೆ ಬಿತ್ತು!

ಅಕ್ಕ ಎದ್ದು ನಿಂತರು. "ಸೈಕಲ್ ಮ್ಯಾಲೆ ಹತ್ತು ನಿಮಿಷದ ದಾರಿಗೆ ಹೋಗಲಿಲ್ಲ ನೀವು. ಪ್ರಾಂತ್ಯಕ್ಕ ಹೆಂಗ ಹೋಗ್ತೀರಿ, ಹೊತ್ಕೊಂಡು ಒಯ್ಯಬೇಕೇನು ನಾವು?"

ಅಧ್ಯಕ್ಷರು, ಮೈಕು ಆನ್ ಇದೆ ಎಂಬುದನ್ನು ಮರೆತು, ಪಕ್ಕದವರನ್ನು ಕೇಳಿದರು: "ಹಾಗಾದ್ರೆ ಮುಂದಿನ ಸಲ ಇವರ ಸನ್ಮಾನ ಯಾವ ಹಾಲ್‌ನಲ್ಲಿ ಇಡೋದ್ರೀ?"

ನಕ್ಕಿರಲ್ಲ, ಇನ್ನು ಕೇಳಿ. ಕಟ್ಟಡ ಇನ್ನೂ ಮಾರಾಟವಾಗಿಲ್ಲ. ಮಾರುವ ಮೊದಲು ನಗರಸಭೆ ಬಡಾವಣೆಯವರ ಮಾತನ್ನು ಕೇಳಲೇಬೇಕು. ಬರುವ ಮಂಗಳವಾರ ಸಂಜೆ ಏಳೂವರೆಗೆ ನಗರಸಭೆಯಲ್ಲಿ ಆ ಸಭೆ. ಇಲ್ಲಿ ವಾಸ ಇರುವ ಯಾರು ಬೇಕಾದರೂ ಎದ್ದು ಮಾತಾಡಬಹುದು. ಅಕ್ಕ ಮಾತಾಡುತ್ತಾರೆ, ಡಚ್ ಭಾಷೆಯಲ್ಲೇ. ಅವರ ಹಿಂದಿನ ಕುರ್ಚಿಗಳು ಖಾಲಿ ಇದ್ದರೆ ಆ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಕೆಲಸದ ಪರ್ಮಿಟ್ ಮೇಲೆ ಬಂದ ಕಂಪ್ಯೂಟರಿನವರೇ, "ನಾವು ಎರಡು ವರ್ಷ ಇದ್ದು ಹೋಗೋರು" ಎನ್ನಬೇಡಿ. ಆ ಎರಡು ವರ್ಷ ನಿಮ್ಮ ಹೆಂಡತಿ ಯಾರ ಜೊತೆ ಮಾತಾಡಬೇಕು? ಗಂಡಸರೇ, ಹೆಂಗಸರನ್ನು ಕಳಿಸಿ ನೀವು ಟಿವಿ ಮುಂದೆ ಕೂರಬೇಡಿ. ನಿಮ್ಮ ಪರವಾಗಿ ಇನ್ನೊಬ್ಬರನ್ನು ಕಳಿಸಿದ್ದು ಸಾಕು. ಮಂಗಳವಾರ ನೀವೇ ಬನ್ನಿ.